ಎಡೆಗೆಂದು ಸಾಕಿದ ಮೀನು

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡಬಾರದು, ಒಬ್ಬಟ್ಟು ತಟ್ಟಬಾರದು ಎಂದು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಗಬಾರದು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಗು ಹೇಗೂ ಬರುವುದಿಲ್ಲ ಎಂಬ ಧೈರ್ಯ ಅವರಿಗೆ. ನಮ್ಮ ಮನೆಯಲ್ಲಿ ಸಾವಾದ ವರ್ಷವೇ ನಗು ತರಿಸುವಂಥವು ಒಂದರ ಮೇಲೊಂದು ನಡೆದವು. ನಕ್ಕು, ನಕ್ಕದ್ದಕ್ಕೆ ಅತ್ತು, ಸೆರಗಲ್ಲಿ ಮುಖ ಒರೆಸಿಕೊಂಡು ಬಸ್ಸು ಹತ್ತಿದ ದಿನಗಳೆಷ್ಟೋ.

ನಾನು ಹುಣಸೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವವಳು. ಬೆಳಗಿನಿಂದ ಬಿಚ್ಚುವುದು, ಮಡಿಸುವುದು, ಮತ್ತೆ ಬಿಚ್ಚುವುದು. ಕಟ್ಟೆಮಳಲವಾಡಿ ಕಡೆಯ ನಮ್ಮೂರಿಗೆ ಸಂಜೆ ಬಂದಿಳಿಯುವಷ್ಟರಲ್ಲಿ ಮನೆಯಲ್ಲಿ ಏನಾದರೊಂದು ಆಗಿಯೇ ಇರುತ್ತದೆ. ಯುಗಾದಿ ಕಳೆದ ಮೇಲೆ ನಮ್ಮ ಯಜಮಾನರು ತೀರಿಕೊಂಡರು. ಉಳಿದವರು ನಾನು, ನಮ್ಮತ್ತೆ, ಐದನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ.

ಸೋಮವಾರ

ಮೊದಲು ಯಜಮಾನರ ವಿಷಯ ಹೇಳಬೇಕು. ಅವರಿಗೆ ಒಬ್ಬರೇ ಕೂತು ಉಂಡು ಗೊತ್ತಿರಲಿಲ್ಲ. ಬಿತ್ತನೆ ಬೀಜ ಮಾರುವವನು, ದಾರಿ ತಪ್ಪಿದ ಲಾರಿ ಡ್ರೈವರು, ಯಾರು ಸಿಕ್ಕಿದರೂ ಕರೆದುಕೊಂಡು ಬಂದು ಬಾಗಿಲಲ್ಲೇ ನಿಂತು, "ಅವ್ವ, ಇನ್ನೊಂದ್ ತಟ್ಟೆ ಇಕ್ಕು" ಎನ್ನುತ್ತಿದ್ದರು. ಅತ್ತೆ ಗೊಣಗುತ್ತಲೇ ಇನ್ನೊಂದು ಮುದ್ದೆ ಕಟ್ಟುತ್ತಿದ್ದರು. ಒಮ್ಮೆ ಬದುವಿನ ವಿಷಯಕ್ಕೆ ಜಗಳ ಮಾಡಲು ಬಂದ ಪಕ್ಕದ ಹೊಲದವನನ್ನೇ ಎಳೆದು ಕೂರಿಸಿದರು. ಅವನು ಎರಡು ಮುದ್ದೆ ಉಂಡು, ತೇಗಿ, ಜಗಳ ನಾಳೆಗಿರಲಿ ಎಂದು ಹೋದ. ಮಾರನೆಯ ದಿನವೂ ಸರಿಯಾಗಿ ಊಟದ ಹೊತ್ತಿಗೇ ಜಗಳಕ್ಕೆ ಬಂದ.

ಅಂಥವರು ಒಂದು ಸೋಮವಾರ ಅತ್ತೆಯನ್ನು ಮೀನು ಸಾರು ಕೇಳಿದರು. ನಮ್ಮ ಮನೆಯಲ್ಲಿ ಸೋಮವಾರ ಬಾಡು, ಮೀನು ಏನೂ ಇಲ್ಲ. ನಾಳೆ ಮಾಡುತ್ತೇನೆ ಬುಡು ಎಂದರು ಅತ್ತೆ. ಮಾರನೆಯ ಬೆಳಗ್ಗೆ ಎದೆ ಹಿಡಿದುಕೊಂಡು ಜಗುಲಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಹಾಲು ತುಪ್ಪ ಬಿಟ್ಟ ದಿನ ಮಣ್ಣು ಮಾಡಿದ ಗುಡ್ಡೆಯ ಮೇಲೆ ಏನೇನೋ ಇಟ್ಟರು. ಮೀನು ಇಡಲು ಯಾರಿಗೂ ಹೊಳೆಯಲಿಲ್ಲ, ಅತ್ತೆಗೆ ಬಾಯಿ ಬರಲಿಲ್ಲ. ಮಧ್ಯಾಹ್ನದವರೆಗೆ ಕಾದರೂ ಒಂದು ಕಾಗೆಯೂ ಇಳಿಯಲಿಲ್ಲ. ಏನೋ ಆಸೆ ಉಳಿಸಿಕೊಂಡು ಹೋಗಿದ್ದಾನೆ ಎಂದು ಜನ ಮಾತಾಡಿಕೊಂಡರು. ಏನು ಆಸೆ ಎಂದು ಅತ್ತೆಗೆ ಗೊತ್ತಿತ್ತು. ಅಂದಿನಿಂದ ಅವರು ತುತ್ತು ಬಾಯಿಗಿಟ್ಟರೆ ಇಟ್ಟರು, ಇಲ್ಲದಿದ್ದರೆ ಇಲ್ಲ. ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋಗುವುದಿತ್ತು. ಇನ್ನು ನೋಡುವುದಕ್ಕೆ ಏನಿದೆ ಎಂದು ಅದನ್ನೂ ಬಿಟ್ಟರು.

ಬಾಟಲಿಯಲ್ಲಿ ಬಂದದ್ದು

ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕೋಣ ಎಂದು ಯಜಮಾನರು ಮಕ್ಕಳಿಗೆ ಮಾತು ಕೊಟ್ಟಿದ್ದರು. ಮುಂಗಾರು ಬಿದ್ದು ಹೊಲದ ಗುಂಡಿಗಳಲ್ಲಿ ನೀರು ನಿಂತಾಗ ಮಗನಿಗೆ ಅದು ನೆನಪಾಯಿತು. ಸ್ಕೂಲಿನ ನೀರಿನ ಬಾಟಲಿ ತುಂಬ ಕರ್ರಗೆ ಮಿಜಿಮಿಜಿ ಎನ್ನುವುದನ್ನು ಹಿಡಿದುಕೊಂಡು ಬಂದ. ನಮ್ಮ ಎತ್ತುಗಳು ನನ್ನ ಅಣ್ಣನ ಹಟ್ಟಿ ಸೇರಿ, ಅವು ನೀರು ಕುಡಿಯುತ್ತಿದ್ದ ಕಲ್ಲುಬಾನಿ ಖಾಲಿ ಬಿದ್ದಿತ್ತು. ಅದಕ್ಕೆ ಸುರಿದ.

"ಅಜ್ಜೀ, ಮೀನ್ ತಂದಿವ್ನಿ" ಎಂದ.

ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅವು ಗೊದಮೊಟ್ಟೆ. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾನಿಯ ಮೇಲೆ ಬಗ್ಗಿದರು. ಪೊರೆಗಣ್ಣಿಗೆ ನೀರು ಅಲುಗಾಡಿದ್ದಷ್ಟೇ ಕಂಡಿರಬೇಕು.

"ಚೆನ್ನಾಗ್ ಸಾಕ್ರಪ್ಪ. ಮಾಲಯ ಅಮಾಸೆ ಒತ್ಗೆ ದಪ್ಪ ಆಯ್ತವೆ. ನಿಮ್ಮಪ್ಪಂಗೆ ಎಡೆಗಿಕ್ಕುವ" ಎಂದರು.

ಯಜಮಾನರು ತೀರಿಹೋದ ಮೇಲೆ ಮುಂದೆ ಬರುವ ಒಂದು ದಿನದ ಮಾತು ಆ ಬಾಯಲ್ಲಿ ಬಂದದ್ದು ಅದೇ ಮೊದಲು. ತೆರೆದ ಬಾಯಿ ಮುಚ್ಚಿಕೊಂಡೆ. ಕಪ್ಪೆಯನ್ನು ಮೀನು ಎಂದು ಒಪ್ಪಿಸುವುದೇನೂ ಕಷ್ಟವಲ್ಲ, ನಾನು ದಿನವೂ ನೈಲಾನನ್ನು ರೇಷ್ಮೆ ಎಂದು ಬಿಚ್ಚಿ ತೋರಿಸುವವಳು.

ಮೀನುಗಳ ತಿಥಿ

ಎಡೆಯ ಮೀನು ಎಂದ ಮೇಲೆ ಅತ್ತೆ ಉಪಚಾರಕ್ಕೆ ನಿಂತರು. ತಮ್ಮ ತಟ್ಟೆಯ ಮುದ್ದೆಯನ್ನು ಚಿವುಟಿ ಚಿವುಟಿ ಬಾನಿಗೆ ಹಾಕುವುದು. ಎರಡೇ ದಿನದಲ್ಲಿ ನೀರು ನಾರಿ, ಅರ್ಧಕ್ಕರ್ಧ ಗೊದಮೊಟ್ಟೆ ಸತ್ತು ತೇಲಿದವು. ಮಗ ಅತ್ತ. ಅವನ ಅಕ್ಕ ಎಲ್ಲೋ ಓದಿಕೊಂಡು, ಬೇಯಿಸಿದ ಸೊಪ್ಪನ್ನು ಚೂರೇ ಚೂರು ಹಾಕಬೇಕು, ನೀರನ್ನು ಅರ್ಧರ್ಧ ಬದಲಿಸಬೇಕು ಎಂದು ಕಾಯಿದೆ ಮಾಡಿದಳು.

ಸತ್ತವನ್ನು ಏನು ಮಾಡುವುದು? ಮಗ ಮನೆಯಲ್ಲಿ ಆಗತಾನೆ ಒಂದು ಸಾವು ನೋಡಿದ್ದವನು, ಕ್ರಮ ಅವನಿಗೆ ಗೊತ್ತಿತ್ತು. ಹಿತ್ತಲಲ್ಲಿ ಗುಡ್ಡೆ ಮಾಡಿ, ಎಲೆಯ ಮೇಲೆ ಅವನ್ನು ಸಾಲಾಗಿ ಮಲಗಿಸಿ, ಹಾಲು ಬಿಟ್ಟು ಕೈಮುಗಿದ. ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ಊರಿನ ಕಾಗೆಗಳೆಲ್ಲ ಹಿತ್ತಲಲ್ಲಿದ್ದವು. ಎಲೆ ಕೂಡ ಉಳಿಸಲಿಲ್ಲ.

ಕಾಗೆ ಗದ್ದಲ ಕೇಳಿ ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು. "ಮೀನ್ಮರೀಗ್ ಬಂದ್ವು ನೋಡು" ಎಂದರು. ಮಗ ಅಜ್ಜಿಯ ಕೈ ಹಿಡಿದು, ಬೇಜಾರು ಮಾಡಿಕೊಳ್ಳಬೇಡ, ಅಪ್ಪನಿಗೆ ಇಡುವ ದಿನ ನನ್ನನ್ನು ಕೇಳು, ಕಾಗೆ ಕರೆಸುವುದು ನನಗೆ ಬರುತ್ತದೆ ಎಂದ.

ಬಾಲ

ಉಳಿದವಕ್ಕೆ ಹಿಂಗಾಲು ಬಂತು. ಮಗ ಬಸ್ ಸ್ಟಾಪಿಗೇ ಓಡಿ ಬಂದು, ಮೀನಿಗೆ ಏನೋ ಕಾಯಿಲೆ, ಕೈಕಾಲು ಬರುತ್ತಿವೆ ಎಂದು ಗೋಳಾಡಿದ. ಅಲ್ಲೇ ಅವನಿಗೆ ನಿಜ ಹೇಳಿದೆ. ಅಜ್ಜಿಗೆ ಹೇಳಬೇಡ ಎಂದೂ ಹೇಳಿದೆ. ಹಾಗಾದರೆ ಎಡೆಗೇನು ಮಾಡುವುದು ಎಂದ.

ಆಮೇಲೆ ಮುಂಗಾಲು ಬಂದು ಬಾಲ ಗಿಡ್ಡವಾಗತೊಡಗಿತು. ಬಾಲ ಎಲ್ಲಿ ಬಿದ್ದುಹೋಯಿತೆಂದು ಮಗ ಬಾನಿಯ ತಳವೆಲ್ಲ ಹುಡುಕಿದ. ಅಕ್ಕ ಅವನನ್ನು ಕೂರಿಸಿಕೊಂಡು ಪಾಠ ಮಾಡಿದಳು: ಬಾಲ ಬೀಳುವುದಿಲ್ಲ, ಮೈಯೊಳಗೇ ಕರಗಿಹೋಗುತ್ತದೆ, ಕರಗುವಷ್ಟು ದಿನ ಅವು ಏನೂ ತಿನ್ನುವುದಿಲ್ಲ.

ಅವತ್ತು ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ತಟ್ಟೆ ಸರಿಸಿದರು. ಮಗ ಬಹಳ ಹೊತ್ತು ಅಜ್ಜಿಯನ್ನೇ ನೋಡಿ, ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ಅಮ್ಮ, ಅಜ್ಜಿಗೂ ಬಾಲ ಕರಗ್ತಾ ಅದಾ?"

ಕ್ಯಾಂಪಿನ ಮೀನು

ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದವಳು ಬಾನಿಗೆ ಇಣುಕಿ, ಇದೇನವ್ವ ಇದು ಎಂದು ರಾಗ ತೆಗೆದಳು. ಜಗುಲಿಯಲ್ಲಿ ಅತ್ತೆ ಕೂತಿದ್ದರು. ಕಪ್ಪೆ ಎಂಬ ಮಾತು ಆಕೆಯ ಬಾಯಿಂದ ಹೊರಡುವ ಮೊದಲೇ ಮಗಳು, "ಮೀನು ಕಣ್ ದೊಡ್ಡವ್ವ. ಬೈಲಕುಪ್ಪೆ ಟಿಬೆಟ್ನೋರ್ ಕ್ಯಾಂಪಿಂದು. ಅವ್ರ ಕಡೆ ಬೆಟ್ಟದ್ ಮೀನು, ಹತ್ತಕ್ಕೆ ಕಾಲ್ ಬೇಕಲ್ಲ" ಎಂದುಬಿಟ್ಟಳು.

ಹುಟ್ಟಿದ ಮೇಲೆ ಒಂದು ಸುಳ್ಳಾಡದ ಹುಡುಗಿ. ನಾನು ಕಕ್ಕಾಬಿಕ್ಕಿಯಾದೆ. ಪಕ್ಕದ ಮನೆಯಾಕೆ ಹೌದಾ ಎಂದು ಇನ್ನೊಮ್ಮೆ ಬಗ್ಗಿ ನೋಡಿ, ಮೊಸರು ಇಸಿದುಕೊಂಡು ಹೋದಳು. ಮಾರನೆಯ ದಿನ ಚೊಂಬು ಹಿಡಿದುಕೊಂಡು ಬಂದಳು. ಅಳಿಯ ಬರುವವನಿದ್ದಾನಂತೆ, ಎರಡು ಕೊಡಿ ಎಂದಳು.

ಬೂಟು

ಬಾಲ ಕರಗಿದ ಮೇಲೆ ಅವು ಬಾನಿಯಲ್ಲಿ ನಿಲ್ಲಲಿಲ್ಲ. ಒಂದು ದಿನ ಮಳೆ ಹುಯ್ಯುವಾಗ ಒಂದೊಂದೇ ನೆಗೆದು ಹೋದವು. ಒಂದು ಮಾತ್ರ ಉಳಿಯಿತು. ಯಜಮಾನರು ನೀರು ಕಟ್ಟಲು ಹೋಗುವಾಗ ಹಾಕುತ್ತಿದ್ದ ರಬ್ಬರ್ ಬೂಟು ಬಾಗಿಲ ಪಕ್ಕದಲ್ಲೇ ಇತ್ತು, ಅದನ್ನು ಸರಿಸಲು ಅತ್ತೆ ಯಾರಿಗೂ ಬಿಟ್ಟಿರಲಿಲ್ಲ. ಎಡಗಾಲಿನದರಲ್ಲಿ ಕಪ್ಪೆ ಸಂಸಾರ ಹೂಡಿತು. ಸಂಜೆ ದೀಪಕ್ಕೆ ಹುಳ ಬಂದರೆ ಬೂಟಿನಿಂದ ಹೊರಬಂದು ಹೊಸಿಲ ಮೇಲೆ ಕೂರುವುದು, ಹೊಟ್ಟೆ ತುಂಬಿದ ಮೇಲೆ ಒಳಗೆ ಹೋಗುವುದು. ಖಾಲಿ ಬೂಟು ನೋಡಿದರೆ ಬರುತ್ತಿದ್ದ ಅಳು, ಅದರೊಳಗಿಂದ ಎರಡು ಕಣ್ಣು ನನ್ನನ್ನೇ ನೋಡತೊಡಗಿದ ಮೇಲೆ ಅರ್ಧಕ್ಕೇ ನಿಲ್ಲುತ್ತಿತ್ತು.

ಎಡೆ

ಮಾಲಯ ಅಮಾವಾಸ್ಯೆ ಹತ್ತಿರ ಬಂತು. ಅತ್ತೆ ಮೊದಲು ಕೇಳಿದ್ದು, ಸೋಮವಾರ ಬಿದ್ದಿಲ್ಲ ತಾನೆ ಎಂದು. ಬಿದ್ದಿರಲಿಲ್ಲ. ನಾನು ಹುಣಸೂರಿನಿಂದ ಮೀನು ತಂದು, ಬಾನಿಯದು ಎಂದು ಅವರ ಮುಂದಿಟ್ಟೆ. ಒಂದನ್ನು ಕೈಯಲ್ಲಿ ಹಿಡಿದು ತೂಗಿ, "ಚೆನ್ನಾಗ್ ಬೆಳ್ದವೆ" ಎಂದರು. ಮಕ್ಕಳು ನೆಲ ನೋಡಿದರು.

ಸಾರನ್ನು ಅತ್ತೆಯೇ ಮಾಡಿದರು, ವಾಸನೆಯಲ್ಲೇ ಅಳತೆ. ಫೋಟೋದ ಮುಂದೆ ಬಾಳೆ ಎಲೆ ಹಾಸಿ, ಮುದ್ದೆ, ಮೀನು ಸಾರು, ಬೀಡಿ ಕಟ್ಟು, ಪಕ್ಕದಲ್ಲಿ ಹೊಸ ಬಿಳಿ ಪಂಚೆ ಇಟ್ಟೆವು. ದೀಪ ಹಚ್ಚಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಹಿರೀಕರು ಬಂದು ಉಣ್ಣುವಾಗ ಯಾರೂ ನೋಡಬಾರದು. ಅಂಗಳದಲ್ಲಿ ಅತ್ತೆ ಬಾಗಿಲಿಗೆ ಮುಖ ಮಾಡಿ ನಿಂತಿದ್ದರು. ಈ ಸಲವೂ ಮುಟ್ಟದಿದ್ದರೆ ಈ ಮುದುಕಿ ಉಳಿಯುವುದಿಲ್ಲ ಎಂದು ನನಗೆ ಭಯವಾಯಿತು. ಆದರೆ ಮುಟ್ಟುವುದಾದರೂ ಯಾರು?

ಬಾಗಿಲು ತೆಗೆದೆವು. ಬಾಗಿಲ ಕೆಳಗೆ ಒಂದು ಸಂದು ಇರುವುದು ನಮಗ್ಯಾರಿಗೂ ನೆನಪಿರಲಿಲ್ಲ. ದೀಪಕ್ಕೆ ಹುಳ ಕವಿದಿತ್ತು, ಸಾರು ಎಲೆಯ ತುಂಬ ಚೆಲ್ಲಾಡಿತ್ತು. ಹೊಸ ಪಂಚೆಯ ಮೇಲೆ ಮೀನು ಸಾರಿನ ಪುಟ್ಟ ಪುಟ್ಟ ಕೆಂಪು ಹೆಜ್ಜೆ. ಹೆಜ್ಜೆಯ ಕೊನೆಗೆ, ಪಂಚೆಯ ಮಡಿಕೆಯಲ್ಲಿ, ಬೂಟಿನ ಕಪ್ಪೆ.

"ಮುಟ್ಟವ್ನಾ ನೋಡವ್ವ" ಎಂದರು ಅತ್ತೆ.

ಮಗಳು ನನ್ನ ಮುಖ ನೋಡಿದಳು. ಮಗನೇ ಹೇಳಿದ, "ಸಾರು ಮುಟ್ಟ್ಯದೆ ಅಜ್ಜಿ."

ಅತ್ತೆ ಅಲ್ಲೇ ಕುಸಿದು ಕೂತು ಅತ್ತರು. ಮಣ್ಣು ಮಾಡಿದ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಹಸಿವಾಗುತ್ತಿದೆ ಎಂದರು. ಬೇರೆ ಎಲೆ ಹಾಕಿ ಬಡಿಸಿದೆ. ಒಂದು ಇಡೀ ಮುದ್ದೆ ನುಂಗಿ ಇನ್ನೊಂದಕ್ಕೆ ಕೈ ಹಾಕುವಾಗ ಕಪ್ಪೆ ಪಂಚೆಯಿಂದ ನೆಗೆದು ಸೀದಾ ಅವರ ಮಡಿಲಿಗೆ ಬಿತ್ತು.

ಅತ್ತೆ ಬೆಚ್ಚಲೂ ಇಲ್ಲ. ಎಡಗೈಯಲ್ಲಿ ಅದನ್ನು ಸವರಿದರು.

"ಎಡೇಗ್ ಅಂತ ಸಾಕುದ್ರಿ, ತಾನೇ ನೆಗ್ದು ಬಂದು ಕೂತದೆ" ಎಂದರು.

ಯಾವಾಗಿನಿಂದ ಗೊತ್ತಿತ್ತು ಎಂದು ಕೇಳಿದೆ. ದಪ್ಪವಾಗಿವೆಯಾ ನೋಡೋಣ ಎಂದು ಒಂದು ದಿನ ಬಾನಿಗೆ ಕೈ ಬಿಟ್ಟಿದ್ದರಂತೆ, ಕೈಗೆ ಕಾಲು ಸಿಕ್ಕಿತಂತೆ. "ನೀವ್ ಮೂರ್ ಜನ ಗುಟ್ ಮಾಡ್ಕಂಡ್ ನಗ್ತಿದ್ರಲ್ಲ, ಯಾಕ್ ಕೆಡುಸ್ಲಿ ಅಂತ ಸುಮ್ಗಿದ್ದೆ" ಎಂದರು.

ಮಗನ ಮುಖ ಬಾಡಿತು. "ಅಂಗಾರೆ ಬಂದಿದ್ದು ಅಪ್ಪ ಅಲ್ವಾ ಅಜ್ಜಿ? ಬರೀ ಕಪ್ಪೆನಾ?"

ಅತ್ತೆ ತುತ್ತು ನುಂಗಿದರು.

"ನಿಮ್ಮಪ್ಪ ಯಾವತ್ಲಾ ಒಬ್ನೇ ಉಣ್ಣಕ್ ಬಂದಿದ್ದ?" ಎಂದು ಗೊಣಗಿ, ನನ್ನ ಕಡೆ ತಿರುಗಿ, "ಇನ್ನೊಂದ್ ತಟ್ಟೆ ಇಕ್ಕವ್ವ" ಎಂದರು.