ಹಗ್ಗ ಹಿಡಿದು ನಡೆದ ಹುಡುಗಿಯೂ ನನ್ನ ಸಿನಿಮಾಸ್ಕೋಪೂ

ಆ ಭಾನುವಾರ ಬೆಳಿಗ್ಗೆ ತುಮಕೂರಿನ ನಮ್ಮಕ್ಕನ ಮನೆಯ ಹಿತ್ತಲಿನಲ್ಲಿ ಹಾಜರಿದ್ದವರು ಇಷ್ಟು: ನಮ್ಮಕ್ಕ ಜಯಮ್ಮ, ಮದುವೆಯ ವಯಸ್ಸಿಗೆ ಬಂದಿದ್ದ ಅವಳ ಮಗಳು ಸುಧಾ, ನನ್ನ ಹೆಂಡತಿ ಸರೋಜ, ಗೂಟಕ್ಕೆ ಕಟ್ಟಿದ್ದ ಹಸು, ಮತ್ತು ಕ್ಯಾಮೆರಾ ಸಮೇತ ನಾನು. ಹಸುವೂ ಸೇರಿದಂತೆ ಎಲ್ಲರಿಗೂ ಏನೋ ಒಂದು ಅಳುಕಿತ್ತು. ಧೈರ್ಯವಾಗಿದ್ದವನು ನಾನೊಬ್ಬನೇ!

ವಿಷಯ ಗಂಭೀರವಾದದ್ದು. ಕುಣಿಗಲ್ಲಿನ ಹೈಸ್ಕೂಲ್ ಮೇಷ್ಟ್ರು ಮೋಹನ ಬಂದು ಸುಧಾಳನ್ನು ನೋಡಿ ಒಪ್ಪಿ ಹೋಗಿದ್ದ. ಅವನ ತಂದೆ ಶಿವಣ್ಣನವರೂ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿ ಪುಟ್ಟತಾಯಮ್ಮನವರದು. ಅವರು ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದರು. ನಿಶ್ಚಯವಾಗುವ ಮುಂಚೆ ಹುಡುಗಿ ಗಂಡಿನ ಮನೆ ಹೊಸಿಲು ತುಳಿಯುವಂತಿಲ್ಲ. ಫೋಟೋ ಕಳಿಸಿದೆವು. ಅದು ಒಂದು ಮಾತಿನ ಜೊತೆ ವಾಪಸು ಬಂತು: "ಫೋಟೋದಲ್ಲಿ ಎಲ್ರೂ ನೆಟ್ಟಗೇ ನಿಂತಿರ್ತಾರೆ. ನಂಗೆ ಹುಡ್ಗಿ ನಡ್ಯೋದ್ ನೋಡ್ಬೇಕು."

ಹೆಣ್ಣಿನ ನಡೆ ನೋಡಿಯೇ ಸೊಸೆ ತರುವ ಮನೆತನವದು. ಆಗ ನಾನು ಹೇಳಿದೆ, "ಅಕ್ಕ, ನಾನು ವಿಡಿಯೋ ತೆಗೀತೀನಿ. ನೀನು ಸುಮ್ನಿರು."

ಸಾದಾ ವಿಡಿಯೋ ತೆಗೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹೊಸದಾಗಿ ಕೊಂಡಿದ್ದ ಅಂಗೈಯಗಲದ ಡಿಜಿಟಲ್ ಕ್ಯಾಮೆರಾ ಇತ್ತು. ಗುಂಡಿ ಒತ್ತಿದ್ದರೆ ಸಾಕಿತ್ತು. ಆದರೆ ನನಗೆ ಸಿನಿಮಾಸ್ಕೋಪ್ ಬೇಕಾಗಿತ್ತು! ಗುಬ್ಬಿಯಲ್ಲಿ ನಮ್ಮ ದೊಡ್ಡಪ್ಪ ಒಂದು ಕಾಲಕ್ಕೆ ಟೂರಿಂಗ್ ಟಾಕೀಸ್ ನಡೆಸಿದವರು. ಪ್ರೊಜೆಕ್ಟರಿನ ಮೂತಿಗೆ ಹಾಕುತ್ತಿದ್ದ ಸ್ಕೋಪ್ ಲೆನ್ಸು ಅವರ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಮೇಲೆ ಭಾರಕ್ಕೆ ಕೂತಿತ್ತು. ಅದರ ಮಹಿಮೆ ಇಷ್ಟೇ: ಕ್ಯಾಮೆರಾದ ಮುಂದಿಟ್ಟರೆ ಅಗಲವಾದ ದೃಶ್ಯವನ್ನು ಅಕ್ಕಪಕ್ಕದಿಂದ ಹಿಸುಕಿ ಸಣ್ಣ ಚೌಕದೊಳಕ್ಕೆ ತುರುಕುತ್ತದೆ. ಹಿಸುಕಿದ್ದನ್ನು ಆಮೇಲೆ ಮತ್ತೆ ಹಿಗ್ಗಿಸಿ ನೋಡಬೇಕು. ಹಿಗ್ಗಿಸದಿದ್ದರೆ ಮನುಷ್ಯರೆಲ್ಲ ನುಗ್ಗೇಕಾಯಿ.

"ತಗೊಂಡೋಗು, ಬೀಳುಸ್ಬುಟ್ಟೀಯ ಕಣೋ," ಅಂದರು ದೊಡ್ಡಪ್ಪ. "ನಿನ್ನ ದೊಡ್ಡಮ್ಮಂಗೆ ಜಾಡಿ ಮೇಲಿಡಕ್ಕೆ ಬೇರೆ ಕಲ್ಲು ಹುಡುಕ್ಬೇಕು ಈಗ."

ಅಕ್ಕನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅಗಲವಾಗಿ ಬರುತ್ತೆ ಅಕ್ಕ. ಸುಧಾ ಜೊತೆಗೆ ಹಸು, ಬಾವಿ, ಸ್ಕೂಟರು, ತೆಂಗಿನ ಮರ, ಎಲ್ಲಾ ಒಂದೇ ಸಲಕ್ಕೆ ಕಾಣುತ್ತೆ."

"ಫ್ರಿಜ್ಜು?"

"ಹೊರಗೆ ತಂದಿಟ್ರೆ ಅದೂ."

ಫ್ರಿಜ್ಜೂ ಹಿತ್ತಲಿಗೆ ಬಂತು.

ಕ್ಯಾಮೆರಾಕ್ಕಿಂತ ಲೆನ್ಸೇ ಭಾರ. ನಲ್ಲಿ ಪೈಪಿನ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕೊಳವೆ ತಂದು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಎರಡನ್ನೂ ಒಂದಕ್ಕೊಂದು ಬಿಗಿದೆ. ಮೂತಿ ಬಗ್ಗದಂತೆ ಕೆಳಗೆ ಅಕ್ಕ ಕೊಡ ಹೊರುವಾಗ ತಲೆಗಿಡುವ ಸಿಂಬೆ ಇಟ್ಟೆ. ನೋಡಿದವರಿಗೆ ಕ್ಯಾಮೆರಾಕ್ಕೆ ಬಾಣಂತನ ಮಾಡಿದ ಹಾಗಿತ್ತು.

ಆಗ ಗೊತ್ತಾಯಿತು ಅದರ ಇನ್ನೊಂದು ಗುಣ. ಈ ಲೆನ್ಸಿಗೂ ಕ್ಯಾಮೆರಾಕ್ಕೂ ಬೇರೆ ಬೇರೆ ಫೋಕಸ್. ಎರಡನ್ನೂ ಒಂದೇ ದೂರಕ್ಕೆ ಹೊಂದಿಸಿದ ಮೇಲೆ ಎದುರಿಗಿದ್ದವರು ಒಂದು ಹೆಜ್ಜೆ ಮುಂದೆ ಬಂದರೂ ಮುಖ ಕಲಸಿದ ಅವಲಕ್ಕಿ. ನಾವು ತೆಗೆಯಬೇಕಾಗಿದ್ದುದೋ, ಹುಡುಗಿ ನಡೆಯುವುದನ್ನು!

"ಮಾವ, ಹಾಗಾದ್ರೆ ನಾನು ನಿಂತಲ್ಲೇ ನಡೀಲಾ?" ಅಂದಳು ಸುಧಾ.

ನನ್ನ ಬುದ್ಧಿ ಓಡಿತು. ಅದು ಓಡಿದಾಗೆಲ್ಲ ನಮ್ಮ ವಂಶಕ್ಕೆ ಒಳ್ಳೆಯದಾಗಿಲ್ಲ. ಹಸುವಿನ ಹಗ್ಗ ಬಿಚ್ಚಿ, ಒಂದು ತುದಿ ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿದೆ, ಇನ್ನೊಂದು ತುದಿ ಸುಧಾ ಕೈಗೆ ಕೊಟ್ಟೆ. "ಹಗ್ಗ ಸಡಿಲ ಬಿಡ್ಬೇಡ. ಬಿಗಿಯಾಗಿ ಹಿಡ್ಕೊಂಡು ಸುತ್ತ ನಡಿ. ದೂರ ಬದಲಾಗಲ್ಲ, ಫೋಕಸ್ ಕೆಡಲ್ಲ."

"ಏನ್ರೀ ಇದು? ಹುಡ್ಗಿ ತೋರ್ಸ್ತಿದೀರೋ, ಕಣ ತುಳಿಸ್ತಿದೀರೋ?" ಅಂದಳು ಸರೋಜ.

"ಕಲೆ ಗೊತ್ತಿಲ್ದೋರು ಸುಮ್ನಿರ್ಬೇಕು," ಅಂದೆ.

ಕಣದ ಮೇಟಿಕಂಬ ಸುತ್ತುವ ಎತ್ತಿನ ಹಾಗೆ ಸುಧಾ ಸುತ್ತಿದಳು. ನಾನು ಕ್ಯಾಮೆರಾ ತಿರುಗಿಸುತ್ತ ಹೋದೆ. ಬಿಸಿಲಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನನಗೆ ನನ್ನ ಮೂಗು ಮಾತ್ರ ಕಾಣುತ್ತಿತ್ತು. ಹಗ್ಗ ಬಿಚ್ಚಿಸಿಕೊಂಡ ಹಸು ಅಷ್ಟರಲ್ಲಿ ಪಕ್ಕದ ಮನೆಯ ಬಾಳೆಗಿಡಕ್ಕೆ ಬಾಯಿ ಹಾಕಿತ್ತು.

ಹಿಗ್ಗಿಸುವ ಕೆಲಸ ಮಾಡಬೇಕಾಗಿದ್ದ ಕಂಪ್ಯೂಟರ್ ಅಂಗಡಿಯವನು ಮುಂದಿನ ವಾರ ಬನ್ನಿ ಅಂದ. ಅಕ್ಕ ಒಪ್ಪಲಿಲ್ಲ. "ಗುರುವಾರ ಒಳ್ಳೇ ದಿನ. ತಪ್ಪಿದ್ರೆ ಅಮಾವಾಸ್ಯೆ." ಅದಕ್ಕೂ ನನ್ನಲ್ಲಿ ಉಪಾಯವಿತ್ತು. ಅದೇ ಲೆನ್ಸನ್ನು ತಿರುಗಿಸಿ, ದಪ್ಪ ತುದಿಗೆ ಕಣ್ಣಿಟ್ಟು ಟೀವಿ ನೋಡಿದರೆ ಹಿಸುಕಿದ್ದು ಹಿಗ್ಗುತ್ತದೆ! ಮನೆಯಲ್ಲಿ ಮೊದಲ ಎರಡು ನಿಮಿಷ, ಫ್ರಿಜ್ಜಿನ ಭಾಗ, ಹಾಗೆ ನೋಡಿದೆ. ಭವ್ಯವಾಗಿತ್ತು. ಸಾಕೆನಿಸಿತು.

ಗುರುವಾರ ಕುಣಿಗಲ್ಲಿನ ಅವರ ಹಜಾರದಲ್ಲಿ ಟೀವಿಗೆ ವೈರ್ ಚುಚ್ಚಿದೆ. ಮಂಚದ ಮೇಲೆ ಅಜ್ಜಿ, ಪಕ್ಕದಲ್ಲಿ ಶಿವಣ್ಣನವರು, ಬಾಗಿಲಿಗೆ ಒರಗಿ ಮೋಹನ. ನನ್ನ ಬೆನ್ನ ಹಿಂದೆ ಅಕ್ಕ.

ಮೊದಲು ಫ್ರಿಜ್ಜು ಬಂತು. ವಿದ್ಯುತ್ ಕಂಬದಷ್ಟು ಎತ್ತರವಿತ್ತು. ಆಮೇಲೆ ಸುಧಾ ಬಂದಳು.

ಟೀವಿಯೊಳಗೆ ಅಡಿಕೆ ಮರದಂಥ ಒಂದು ಹುಡುಗಿ, ಕೈಯಲ್ಲಿ ಬಿಗಿಯಾದ ಹಗ್ಗ, ರೆಪ್ಪೆ ಬಡಿಯದ ಕಣ್ಣು, ಸುತ್ತು ಹಾಕುತ್ತಿದ್ದಳು.

"ಶಿವಾ," ಅಂದರು ಅಜ್ಜಿ ಮೆಲ್ಲಗೆ, "ಆ ಹುಡ್ಗೀನ ಯಾಕ್ಲಾ ಹಗ್ಗ ಹಾಕಿ ಕಟ್ಟವ್ರೆ?"

ನಾನು ಲೆನ್ಸು ಹಿಡಿದು ಎದ್ದು ನಿಂತೆ. "ಕಟ್ಟಿಲ್ಲ ಅಜ್ಜಿ, ಅವಳೇ ಹಿಡ್ಕೊಂಡಿದಾಳೆ..."

"ಬಿಟ್ರೆ ಓಡೋಯ್ತಾಳಾ?"

ಅಷ್ಟರಲ್ಲಿ ಅದಕ್ಕಿಂತ ಘೋರವಾದದ್ದು ಶುರುವಾಯಿತು. ನಾನು ಕ್ಯಾಮೆರಾ ತಿರುಗಿಸಿದಷ್ಟೂ ಭಾರದ ಲೆನ್ಸು ಕೊಳವೆಯೊಳಗೆ ತಾನೂ ತಿರುಗಿತ್ತು. ಲೆನ್ಸು ಓರೆಯಾದರೆ ಲೋಕವೇ ಓರೆ! ಸುಧಾ ಒಂದು ಪಕ್ಕಕ್ಕೆ ವಾಲತೊಡಗಿದಳು. ಹೆಜ್ಜೆ ಹೆಜ್ಜೆಗೂ ವಾಲಿದಳು. ಬಾವಿ ವಾಲಿತು, ಸ್ಕೂಟರ್ ವಾಲಿತು. ಆದರೆ ಅವರು ಹೆಣ್ಣು ಕೇಳಿದ್ದು ಬಾವಿಯನ್ನಲ್ಲವಲ್ಲ. ಅವರ ಕಣ್ಣಿದ್ದದ್ದು ಸುಧಾಳ ಕಾಲಿನ ಮೇಲೆ.

ಶಿವಣ್ಣನವರು ಗಂಟಲು ಸರಿಮಾಡಿಕೊಂಡರು. "ನಾವು ನೋಡಿದ್ ದಿನ ಹುಡ್ಗಿ ಕೂತೇ ಇದ್ರು, ಅಲ್ವಾ ಮೋಹನ?"

ಹಿಂದೆ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅವಳು ಬೈದರೆ ನನಗೆ ಭಯವಿಲ್ಲ, ಸುಮ್ಮನಾದರೆ ಭಯ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂದರು ಹಿರಿಯರು. ನಾನು ಒಂದೇ ಒಂದು ನಿಜ ತೋರಿಸಲು ಹೋಗಿ, ಒಂದು ವಿಡಿಯೋದಲ್ಲಿ ಆ ಸಾವಿರವನ್ನೂ ಮದುವೆ ಮುರಿಯುವ ಕಡೆಗೇ ಹೇಳಿಬಿಟ್ಟಿದ್ದೆ!

"ಇದರಲ್ಲಿ ನೋಡಿ ಅಜ್ಜಿ, ಸರಿಯಾಗಿ ಕಾಣುತ್ತೆ!" ಎಂದು ಲೆನ್ಸನ್ನು ಅವರ ಕಣ್ಣಿಗೆ ಹಿಡಿದೆ. ಗಾಬರಿಯಲ್ಲಿ ಸಣ್ಣ ತುದಿಯನ್ನು ಹಿಡಿದಿದ್ದೆ. ಹಿಸುಕಿದ್ದು ಇನ್ನೊಮ್ಮೆ ಹಿಸುಕಿತು.

"ಅಯ್ಯೋ ಶಿವನೇ! ಈಗ ದಾರ ಆಗೋದ್ಲು!" ಅಂದರು ಅಜ್ಜಿ. ಆಮೇಲೆ ಮೂಗು ಮುಚ್ಚಿಕೊಂಡು, "ಏನಪ್ಪಾ ಇದು, ಉಪ್ಪಿನಕಾಯಿ ವಾಸ್ನೆ?"

ಬಸ್ಸಿನಲ್ಲಿ ತುಮಕೂರಿನವರೆಗೂ ಅಕ್ಕ ಬೇರೆ ಸೀಟಿನಲ್ಲಿ ಕೂತಳು. ನನ್ನ ತೊಡೆಯ ಮೇಲೆ ಆ ಲೆನ್ಸು ಹೆಣಭಾರವಾಗಿತ್ತು. ಇಳಿಯುವಾಗ ಒಂದೇ ಮಾತು: "ನನ್ನ ಮಗಳು ಕುಂಟಿ ಅಂತ ಊರಲ್ಲಿ ಹಬ್ಬಿದ್ರೆ, ನೀನು ನನ್ನ ತಮ್ಮ ಅಲ್ಲ." ಆ ವಾರವೆಲ್ಲ ನಾನು ಊಟ ಮಾಡಿದ್ದು ಲೆಕ್ಕಕ್ಕೆ. ಫೋನ್ ರಿಂಗಾದರೆ ಬಚ್ಚಲಿಗೆ ಹೋಗಿ ನಿಲ್ಲುತ್ತಿದ್ದೆ.

ಕುಣಿಗಲ್ಲಿನಿಂದ ಫೋನ್ ಬಂತು. ಅಜ್ಜಿಯೇ ಬರುತ್ತಾರಂತೆ! "ಮೋಹ್ನ ಊಟ ಬಿಟ್ಟವ್ನೆ. ನಾನೇ ಕಣ್ಣಾರೆ ನೋಡ್ಬುಡ್ತೀನಿ. ಮಂಚ ಸಮೇತ ಹೊತ್ಕೊಂಡ್ ನಡೀರಿ" ಅಂದರಂತೆ.

ಟೆಂಪೋದಲ್ಲಿ ಹಾಸಿಗೆ ಹಾಸಿ ಅವರನ್ನು ಕರೆತಂದರು. ಅಕ್ಕನ ಮನೆ ಅಂಗಳದಲ್ಲಿ ಇಳಿಸಿದರು. ಸುಧಾ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದಳು. ಕಂಬದ ಹಿಂದೆ ನಿಂತು ನಾನು ಕಣ್ಣು ಮುಚ್ಚಿಕೊಂಡೆ. ಗೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ಸಮವಾಗಿ ಬಂತು, ನಿಂತಿತು.

"ಯಾಕವ್ವ ಅವತ್ತು ಹಗ್ಗ ಹಿಡ್ದಿದ್ದೆ?"

"ನಮ್ಮ ಮಾವ ಕೊಟ್ರು ಅಜ್ಜಿ. ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ."

ಅಜ್ಜಿ ಸೊಂಟ ನೋಯುವಷ್ಟು ನಕ್ಕರು. "ಆ ಟೀವಿಲಿ ನೋಡಿದ್ಮೇಲೆ ಯಾರು ಬಂದಿದ್ರೂ ಒಪ್ಕೋತಿದ್ದೆ. ಇವ್ಳು ಬಂಗಾರ ಕಣ್ಲಾ ಶಿವಾ." ಆಮೇಲೆ ಕಂಬದ ಹಿಂದಿದ್ದ ನನ್ನ ಕಡೆ ಬೆರಳು ತೋರಿಸಿ ಸರೋಜಳನ್ನು ಕೇಳಿದರು, "ಇವ್ನ ನೀನು ಮದ್ವೆಗ್ ಮುಂಚೆ ಸರಿಯಾಗಿ ನೋಡಿರ್ಲಿಲ್ವಾ ಮಗಾ?"

"ಫೋಟೋ ಒಂದೇ ನೋಡಿದ್ದು ಅಜ್ಜಿ," ಅಂದಳು ನನ್ನ ಹೆಂಡತಿ.

ಮದುವೆ ಕುಣಿಗಲ್ಲಿನ ಛತ್ರದಲ್ಲಿ ನಡೆಯಿತು. ವಿಡಿಯೋಕ್ಕೆ ಸ್ಟುಡಿಯೋದವರು ಬಂದಿದ್ದರು. ಊಟದ ಮನೆಯಲ್ಲಿ ನನಗೆ ಮಜ್ಜಿಗೆ ಬಡಿಸುವ ಕೆಲಸ ಕೊಟ್ಟಿದ್ದರು. ಎರಡನೇ ಪಂಕ್ತಿಗೆ ಆ ಕೆಲಸವನ್ನೂ ಬೇರೆಯವರಿಗೆ ಕೊಟ್ಟರು.