ಇಪ್ಪತ್ತು ಪೌಂಡಿನ ಕರಾರು

"ಇದರೊಳಗೆ ಏನಪ್ಪಾ ತುಂಬಿದ್ದೀಯ? ನಿಮ್ಮತ್ತೇನಾ?"

ಮಿಸ್ ಓಪಲ್ ಹಾಗೆ ಕೇಳಿದಾಗ ವೆಂಡೆಲ್ ಪ್ರೂಯಿಟ್‌ನ ಬೆನ್ನುಚೀಲ ಜಗಲಿಯ ತೊಲೆಗೆ ಕಟ್ಟಿದ ತಕ್ಕಡಿಯಿಂದ ಜೋತಾಡುತ್ತಿತ್ತು. ಹೊಡೆದು ತಂದ ಜಿಂಕೆ ತೂಗಲೆಂದು ಅವರ ಗಂಡ ಎಂದೋ ಹಾಕಿಸಿದ್ದ ಕೊಕ್ಕೆಯ ತಕ್ಕಡಿ ಅದು. ಮದುವೆಯಾಗಿದ್ದರೂ ಆ ಸೀಮೆಯಲ್ಲಿ ಹಿರಿಯ ಹೆಂಗಸರೆಲ್ಲ 'ಮಿಸ್'ಗಳೇ. ಗಂಡ ತೀರಿಕೊಂಡ ಮೇಲೆ ಜಿಂಕೆಗಳು ಬಚಾವಾದವು. ತಕ್ಕಡಿಗೆ ಮಾತ್ರ ಬಿಡುವು ಸಿಗಲಿಲ್ಲ. ಅಮೆರಿಕದ ದಕ್ಷಿಣದ ಜಾರ್ಜಿಯಾದಿಂದ ಉತ್ತರದ ತುದಿಯ ಮೇನ್‌ವರೆಗೆ ಬೆಟ್ಟದ ದಾರಿ ಹಿಡಿದು ನಡೆದು ಹೊರಟವರೆಲ್ಲ ವರ್ಜೀನಿಯಾದ ಅವರ ಈ ಮನೆಯಲ್ಲಿ ಒಂದು ರಾತ್ರಿ ತಂಗಿ, ಸ್ನಾನ ಮಾಡಿ, ಚೀಲ ತೂಗಿಸಿಕೊಂಡೇ ಮುಂದೆ ಹೋಗುತ್ತಿದ್ದರು. ಈಗ ಮುಳ್ಳು ಮೂವತ್ತೊಂದೂವರೆ ಪೌಂಡಿನ ಮೇಲೆ ನಿಂತು, ತನಗೇ ನಾಚಿಕೆಯಾದಂತೆ ನಡುಗುತ್ತಿತ್ತು.

"ಇಪ್ಪತ್ತಕ್ಕೆ ಇಳೀಬೇಕು ಮಿಸ್ ಓಪಲ್," ಎಂದ ವೆಂಡೆಲ್. "ನಾಲ್ಕು ಗಂಟೆಯೊಳಗೆ."

"ನಾಲ್ಕು ಗಂಟೆಗೆ ಏನು, ಪ್ರಳಯಾನಾ?"

"ಲೊರೆಟ್ಟಾ ಬರ್ತಾಳೆ."

ಲೊರೆಟ್ಟಾ ಅವನ ಹೆಂಡತಿ. ವೆಂಡೆಲ್ ಒಹಾಯೋದ ಒಂದು ಊರಿನಲ್ಲಿ ಮೂವತ್ನಾಲ್ಕು ವರ್ಷ ಅಂಚೆ ಹಂಚಿದವನು. ಅದೇ ಹನ್ನೊಂದು ಬೀದಿ, ದಿನಾ ಹೊರಟಲ್ಲಿಗೇ ವಾಪಸ್ಸು. ಒಂದು ದಾರಿಯನ್ನಾದರೂ ಅದರ ಕೊನೆ ಮುಟ್ಟುವವರೆಗೆ ನಡೆಯಬೇಕು ಎಂಬುದು ಅವನ ಆಸೆ. ಡಾಕ್ಟರು ಅವನ ಎಡ ಮೊಣಕಾಲನ್ನು ಹಿಸುಕಿ ನೋಡಿ, "ಇಪ್ಪತ್ತು ಪೌಂಡಿಗಿಂತ ಹೆಚ್ಚು ಹೊರಬೇಡಿ" ಎಂದಿದ್ದರು. ಲೊರೆಟ್ಟಾ ಅದನ್ನೇ ಕರಾರು ಮಾಡಿದ್ದಳು. ಇಪ್ಪತ್ತರೊಳಗಿದ್ದರೆ ನಡಿ, ದಾಟಿದರೆ ಮನೆ. ಆರು ವಾರದಿಂದ ಫೋನಿನಲ್ಲಿ ಅವನು "ಹತ್ತೊಂಬತ್ತೇ ಕಣೇ, ಹೂವಿನ ಹಾಗಿದೆ" ಎನ್ನುತ್ತಲೇ ಐನೂರ ನಲವತ್ತು ಮೈಲಿ ದಾಟಿದ್ದ. ನಿನ್ನೆ ರಾತ್ರಿ ಅವಳು, "ತಂಗಿ ರೂಬಿ ಕಾರು ಓಡಿಸ್ತಾಳೆ, ನಾನೂ ಬರ್ತಿದ್ದೀನಿ. ಆ ಹೂವನ್ನ ಒಂದು ಸಲ ತೂಗಿ ನೋಡೋಣ. ಹಿಂದಿನ ಸೀಟು ಖಾಲಿ ಇದೆ" ಎಂದು ಫೋನಿಟ್ಟಿದ್ದಳು.

ಹಿಂದಿನ ಸೀಟು ಎಂಬ ಮಾತು ವೆಂಡೆಲ್‌ನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್ಗುಡುತ್ತಿತ್ತು.

ಈ ದಾರಿಯಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಜೊತೆಗೆ ನಡೆಯುವವರು ಇಟ್ಟದ್ದೇ ಹೆಸರು. ವೆಂಡೆಲ್‌ಗೆ ಮೊದಲ ವಾರವೇ 'ಉಗ್ರಾಣ' ಎಂದು ಇಟ್ಟಿದ್ದರು. ಹಾಗೆಯೇ ಜಗಲಿಯ ಕಟ್ಟೆಯ ಮೇಲೆ ಕೂತು ಒಣರೊಟ್ಟಿ ಕಡಿಯುತ್ತಿದ್ದ ತೆಳ್ಳನೆಯ ಮನುಷ್ಯನ ಹೆಸರು 'ಅರೆ ಔನ್ಸ್', ಎಂದರೆ ಪೌಂಡಿನ ಮೂವತ್ತೆರಡರಲ್ಲಿ ಒಂದು ಪಾಲು. ಹಲ್ಲಿನ ಡಾಕ್ಟರು. ಊರಲ್ಲಿ ದವಾಖಾನೆ ಮುಚ್ಚಿ ಬಂದವನು, ಅಂಗಿಯ ಕಾಲರಿನ ಚೀಟಿ ಕೂಡ ಭಾರವೆಂದು ಕಿತ್ತು ಹಾಕಿದವನು.

ಇಪ್ಪತ್ತು ಎಂಬ ಮಾತು ಕೇಳಿದ್ದೇ ತಡ, ಅವನು ರೊಟ್ಟಿ ಬಿಟ್ಟು ಎದ್ದ.

"ಸುರಿ," ಎಂದ.

"ಏನನ್ನ?"

"ಎಲ್ಲಾನೂ. ನೆಲದ ಮೇಲೆ ಸುರಿ ಉಗ್ರಾಣ. ಪಂಚನಾಮೆ ಆಗಲಿ."

ಸುರಿದರು. ಕಬ್ಬಿಣದ ಬಾಣಲೆ, ಮಡಚುವ ಸ್ಟೂಲು, ದಿಂಬು, ದುರ್ಬೀನು, ಪೊಲೀಸರು ಹಿಡಿಯುವಂಥ ಉದ್ದ ಟಾರ್ಚು. ಅರೆ ಔನ್ಸ್ ಬಾಣಲೆಯನ್ನು ಎರಡು ಬೆರಳಲ್ಲಿ ಎತ್ತಿದ, ಹುಳುಕು ಹಲ್ಲು ಕಿತ್ತು ತೋರಿಸುವವನ ಹಾಗೆ.

"ಇದರಲ್ಲಿ ಏನು ಮಾಡ್ತೀಯ?"

"ಮೊಟ್ಟೆ."

"ಎಷ್ಟು ಸಲ ಮಾಡಿದ್ದೀಯ?"

"ಮೊಟ್ಟೆ ಸಿಕ್ಕಿಲ್ಲ ಇನ್ನೂ."

ಸ್ಟೂಲಿನ ಕಾಲಿನ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಡಬ್ಲ್ಯು.ಪಿ. ಎಂದು ಬರೆದಿತ್ತು. ಬಾಣಲೆಯ ಹಿಡಿಯ ಮೇಲೂ ಅದೇ. ಚರ್ಚಿನ ಊಟಕ್ಕೆ ಕೊಂಡೊಯ್ದ ಸಾಮಾನು ಯಾರೂ ವಾಪಸ್ ಕೊಡುವುದಿಲ್ಲವೆಂದು ಲೊರೆಟ್ಟಾ ಮನೆಯ ಸಕಲ ವಸ್ತುಗಳಿಗೂ ಗಂಡನ ಹೆಸರಿನ ಮೊದಲಕ್ಷರ ಹಚ್ಚಿದ್ದಳು. "ಹೆಂಡ್ತಿ ನಿನ್ನ ಬೆನ್ನ ಮೇಲೂ ಬರೆದಿದ್ದಾಳೋ ಏನೋ, ತಿರುಗಪ್ಪ ನೋಡೋಣ," ಎಂದರು ಮಿಸ್ ಓಪಲ್.

ಐದೂ ಸಾಮಾನು ಬಾಗಿಲ ಪಕ್ಕದ ಪೆಟ್ಟಿಗೆಗೆ ಹೋದವು. ನಡೆಯುವವರು ಬೇಡವಾದದ್ದನ್ನು ಬಿಟ್ಟುಹೋಗುವ ಪೆಟ್ಟಿಗೆ ಅದು. ಬೇಕಾದವರು ಕೇಳದೆಯೇ ಎತ್ತಿಕೊಳ್ಳಬಹುದು. ಮತ್ತೆ ತೂಗಿದರು. ಇಪ್ಪತ್ತೆರಡೂ ಮುಕ್ಕಾಲು.

"ಇನ್ನೇನಿದೆ ತೆಗೆಯೋಕೆ?" ಎಂದ ವೆಂಡೆಲ್ ದೀನನಾಗಿ.

"ಚೀಲಾನೇ ಇದೆಯಲ್ಲ," ಎಂದ ಅರೆ ಔನ್ಸ್.

ಅಷ್ಟರಲ್ಲಿ ಒಳಗಿಂದ 'ದಬ್ಬಳ' ಬಂದಳು. ಊರಲ್ಲಿ ಸೋಫಾಗಳಿಗೆ ಹೊದಿಕೆ ಹೊಲಿಯುತ್ತಿದ್ದ ಗಟ್ಟಿಮುಟ್ಟು ಹೆಂಗಸು. ದಾರಿಯಲ್ಲಿ ಯಾರ ಚೀಲ ಹರಿದರೂ ಕೂತಲ್ಲೇ ಹೊಲಿದು ಕೊಡುತ್ತಿದ್ದಳು. "ಕತ್ತರಿಸೋ ಮಾತು ಆಮೇಲೆ. ಮೊದಲು ಅಳತೆ," ಎಂದು ಟೇಪು ಎಳೆದಳು. "ತಲೆ ಬಗ್ಗಿಸು ಉಗ್ರಾಣ. ಕತ್ತಿನ ಹಿಂದೆ ಗುಬುಟು ಮೂಳೆ ಇದೆಯಲ್ಲ, ಅಲ್ಲಿಂದ ಸೊಂಟದ ಮೂಳೆವರೆಗೆ... ಹದಿನೇಳು ಇಂಚು. ಚೀಲ ಎಷ್ಟಕ್ಕೆ ಕೂರಿಸಿದ್ದೀಯ? ಇಪ್ಪತ್ತಕ್ಕೆ! ಐನೂರು ಮೈಲಿ ನಿಮ್ಮ ತಾತನ ಕೋಟು ಹಾಕ್ಕೊಂಡು ನಡೆದಿದ್ದೀಯಲ್ಲೋ!"

ಹೆಗಲಪಟ್ಟಿಗಳನ್ನು ಮೂರು ಇಂಚು ಕೆಳಗಿಳಿಸಿದಳು. ಬೆನ್ನಿಗೆ ಆತುಕೊಳ್ಳುವ ಎರಡು ಅಲ್ಯುಮಿನಿಯಂ ಸರಳುಗಳನ್ನು ಹೊರಗೆಳೆದು, ಜಗಲಿಯ ಕಂಬಕ್ಕೆ ಒತ್ತಿ, ಅವನ ಬೆನ್ನಿನ ಬಾಗಿಗೆ ತಕ್ಕಂತೆ ಬಗ್ಗಿಸಿ ಮತ್ತೆ ತೂರಿಸಿದಳು. ವೆಂಡೆಲ್ ಚೀಲ ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದ. ಅವನ ಕಣ್ಣು ಅರಳಿದವು. ಭಾರವೆಲ್ಲ ಹೆಗಲು ಬಿಟ್ಟು ಸೊಂಟದ ಮೇಲೆ ಮಗುವಿನಂತೆ ಕೂತಿತ್ತು.

"ದಬ್ಬಳಕ್ಕಾ, ಇದು ನನ್ನ ಚೀಲಾನೇನಾ?"

"ಆನಂದ ಸಾಕು," ಎಂದ ಅರೆ ಔನ್ಸ್. "ನಿನ್ನ ಹೆಂಡತಿ ತೂಗೋದು ಆನಂದಾನಲ್ಲ. ಸರಳು ಎರಡೂ ಸೇರಿ ಏಳು ಔನ್ಸು. ಇಪ್ಪತ್ತೇ ಪೌಂಡು ಹೊರೋನಿಗೆ ಸರಳು ಯಾಕೆ? ತೆಗಿ."

"ಸರಳು ತೆಗೆದರೆ ಸೊಂಟಪಟ್ಟಿ ಬರೀ ಅಲಂಕಾರ ಆಗುತ್ತೆ ಕಣೋ!" ಎಂದು ರೇಗಿದಳು ದಬ್ಬಳ.

"ಹಾಗಾದರೆ ಅದನ್ನೂ ತೆಗಿ."

ದಬ್ಬಳ ವೆಂಡೆಲ್‌ನ ಮುಖ ನೋಡಿದಳು. ವೆಂಡೆಲ್ ಗಡಿಯಾರ ನೋಡಿದ. ಹನ್ನೆರಡೂವರೆ. ಹಲ್ಲು ಕಚ್ಚಿ, "ಕತ್ತರಿಸಿ" ಎಂದ. ಆಪರೇಷನ್ನಿಗೆ ಸಹಿ ಹಾಕುವವನ ದನಿ ಅದು.

ಮೆತ್ತೆ ಇದ್ದ ಸೊಂಟಪಟ್ಟಿ ಹೋಗಿ ಅದರ ಜಾಗಕ್ಕೆ ತೆಳ್ಳನೆಯ ಲಾಡಿ ಬಂತು. ಮೇಲಿನ ಮುಚ್ಚಳದ ಜೇಬು ಹೋಯಿತು. ಸರಳುಗಳನ್ನು ಮಿಸ್ ಓಪಲ್, "ಕೊಡಿ ಇಲ್ಲಿ, ದೇವರೇ ಕಳಿಸಿದ ಹಾಗಾಯ್ತು" ಎಂದು ಎತ್ತಿಕೊಂಡು ಹೋಗಿ ಟೊಮೇಟೊ ಪಾತಿಯಲ್ಲಿ ನೆಟ್ಟು, ವಾಲಿದ್ದ ಎರಡು ಗಿಡಗಳನ್ನು ಅವಕ್ಕೆ ಕಟ್ಟಿಬಿಟ್ಟರು. ವೆಂಡೆಲ್‌ನ ಬೆನ್ನಿಗೆಂದು ಬಗ್ಗಿಸಿದ ಸರಳು ಟೊಮೇಟೊ ಗಿಡಕ್ಕೆ ಬಹಳ ಚೆನ್ನಾಗಿ ಒಪ್ಪಿತು. ಕೊನೆಗೆ ಅರೆ ಔನ್ಸ್ ಎಲ್ಲ ಪಟ್ಟಿಗಳ ಜೋತಾಡುವ ತುದಿಗಳನ್ನೂ ಕತ್ತರಿಸಿದ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕೊಯ್ಯುವಾಗಲಂತೂ ಅವನ ಮುಖದಲ್ಲಿ ವೃತ್ತಿಯ ತೃಪ್ತಿ ಕಾಣುತ್ತಿತ್ತು.

ಇಪ್ಪತ್ತೊಂದೂ ಮುಕ್ಕಾಲು.

"ಈ ಸೀಸೆ ಏನು?" ಅರೆ ಔನ್ಸ್ ಚೀಲದ ತಳದಿಂದ ಒಂದು ಗಾಜಿನ ಭರಣಿ ತೆಗೆದ.

"ಅದು ಮುಟ್ಟಬೇಡ. ಲೊರೆಟ್ಟಾ ಮಾಡಿದ ಸೇಬಿನ ಮುರಬ್ಬ. ತಿಂದೆಯಾ ಅಂತ ಕೇಳೇ ಕೇಳ್ತಾಳೆ."

"ಹಾಗಾದರೆ ತಿನ್ನು!"

ಮಿಸ್ ಓಪಲ್ ಬೆಳಗಿನ ಬಿಸ್ಕಿಟ್‌ಗಳನ್ನು ಬಿಸಿ ಮಾಡಿ ತಂದರು. ಅಂಗೈಯಗಲದ ಮೆತ್ತನೆಯ ಬಿಸ್ಕಿಟ್‌ಗಳು, ಮೇಲೆ ಬೆಣ್ಣೆ. ನಾಲ್ವರೂ ಕೂತು ಒಂದೂವರೆ ಪೌಂಡು ಮುರಬ್ಬವನ್ನು ಕರ್ತವ್ಯವೆಂಬಂತೆ ಮುಗಿಸಿದರು. ಅರ್ಧ ಪಾಲು ವೆಂಡೆಲ್‌ನದೇ. ಎದ್ದು ಚೀಲ ಹಾಕಿಕೊಂಡ. ಎದೆಪಟ್ಟಿಯ ಎರಡು ತುದಿಗಳು ಜಗಳವಾಡಿದ ನೆಂಟರ ಹಾಗೆ ಆ ಕಡೆಯೊಂದು ಈ ಕಡೆಯೊಂದು ನಿಂತವು. ಲಾಡಿಯೂ ಸೇರಲಿಲ್ಲ.

"ಕತ್ತರಿಸೋವಾಗ ಹೊಟ್ಟೆ ಒಳಗೆ ಎಳ್ಕೊಂಡಿದ್ದೆಯಾ?" ಎಂದಳು ದಬ್ಬಳ.

"ಸ್ವಲ್ಪ."

"ಅಯ್ಯೋ ನಿನ್ನ! ಇನ್ನು ಮೇನ್‌ವರೆಗೂ ಉಸಿರು ಬಿಡಬೇಡ."

ಅವಳು ಕಸದ ಬುಟ್ಟಿಯಿಂದ ತುಂಡುಗಳನ್ನು ಹೆಕ್ಕಿ ತೇಪೆ ಹಾಕಿ ಮುಗಿಸುವಷ್ಟರಲ್ಲಿ ಮೂರೂವರೆ. ಕೊಕ್ಕೆಗೆ ಹಾಕಿದರು. ಇಪ್ಪತ್ತೂ ಕಾಲು. ಎಲ್ಲರೂ ಉಸಿರು ಹಿಡಿದು ನೋಡಿದರೂ ಮುಳ್ಳು ಜಗ್ಗಲಿಲ್ಲ. ಒಳಗೆ ಉಳಿದಿದ್ದು ಗುಡಾರ, ಮಲಗುವ ಚೀಲ, ಊಟ, ನೀರು, ಒಂದು ಜೊತೆ ಬಟ್ಟೆ. ಮತ್ತೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾಗದ.

"ಎಸಿ," ಎಂದ ಅರೆ ಔನ್ಸ್.

"ಮೂವತ್ನಾಲ್ಕು ವರ್ಷ ಒಂದು ಕಾಗದ ಎಸೆದವನಲ್ಲ ನಾನು," ಎಂದ ವೆಂಡೆಲ್. ಆ ದಿನ ಮೊದಲ ಬಾರಿಗೆ ಅವನ ದನಿ ಏರಿತ್ತು. "ಇವು ದಾರಿಯ ಅಂಚೆ ಕಚೇರಿಗಳ ವಿಳಾಸಕ್ಕೆ ಲೊರೆಟ್ಟಾ ನನಗೆ ಬರೆದ ಕಾಗದ. ಬೇಕಾದರೆ ನನ್ನ ಕಿವಿ ಕೊಯ್ದುಕೋ."

ಅರೆ ಔನ್ಸ್ ಅವನ ಕಿವಿಯನ್ನು ಒಂದು ಕ್ಷಣ ಅಂದಾಜು ಮಾಡಿ, "ಮೈಮೇಲಿರೋದು ಲೆಕ್ಕಕ್ಕಿಲ್ಲ. ಅಂಗಿಯೊಳಗೆ ಇಟ್ಕೋ" ಎಂದ. ಕಾಗದದ ಕಟ್ಟು ಅಂಗಿಯೊಳಗೆ ಹೋಯಿತು. ಮುಳ್ಳು ಇಪ್ಪತ್ತರ ಗೆರೆಯಿಂದ ಕೂದಲೆಳೆಯಷ್ಟು ಕೆಳಗಿಳಿದು ನಿಂತಿತು. ಜಗಲಿಯ ಮೇಲೆ ಅವರೆಲ್ಲ ಹಾಕಿದ ಕೇಕೆಗೆ ಪಕ್ಕದ ಹೊಲದ ಹಸು ತಲೆ ಎತ್ತಿತು.

ಸರಿಯಾಗಿ ನಾಲ್ಕಕ್ಕೆ ಕಾರು ಬಂತು. ರೂಬಿ ಸ್ಟೀರಿಂಗ್ ಬಿಟ್ಟು ಏಳಲಿಲ್ಲ. ಲೊರೆಟ್ಟಾ ಇಳಿದವಳೇ ಗಂಡನನ್ನು ತಬ್ಬಿದಳು. ಅಂಗಿಯೊಳಗಿಂದ ಪರಪರ ಸದ್ದಾಯಿತು.

"ಎದೆ ಯಾಕೆ ಇಷ್ಟು ಗಟ್ಟಿ?"

"ನಡೆದೂ ನಡೆದೂ."

"ಹ್ಞೂಂ. ತೂಗು."

ತೂಗಿದ. ಲೊರೆಟ್ಟಾ ಕನ್ನಡಕ ಏರಿಸಿ, ಮುಳ್ಳಿನ ಎದುರು, ಎಡಕ್ಕೆ, ಬಲಕ್ಕೆ ನಿಂತು ನೋಡಿದಳು. ಅರೆ ಔನ್ಸ್ ಉಗುರು ಕಡಿಯುತ್ತಿದ್ದ.

"ಒಪ್ಪಿದೆ," ಎಂದಳು. "ಮಾತು ಉಳಿಸಿಕೊಂಡೆ ವೆಂಡೆಲ್. ನಾನೇನೋ ಸುಳ್ಳು ಹೇಳ್ತಿದ್ದೀಯ ಅಂದ್ಕೊಂಡಿದ್ದೆ."

ವೆಂಡೆಲ್‌ಗೆ ಕಣ್ಣು ತುಂಬಿ ಬಂತು. ಗೆದ್ದೆ. ಇನ್ನು ಸಾವಿರದ ಆರುನೂರು ಚಿಲ್ಲರೆ ಮೈಲಿ, ದಾರಿಯ ಕೊನೆ.

ಲೊರೆಟ್ಟಾ ಕೈ ತೊಳೆಯಲು ಒಳಗೆ ಹೊರಟವಳು ಬಾಗಿಲ ಪಕ್ಕದಲ್ಲಿ ನಿಂತಳು. ಪುಕ್ಕಟೆ ಸಿಗುವ ವಸ್ತುವನ್ನು ಕಂಡು ದಾಟಿ ಹೋದವಳಲ್ಲ ಅವಳು.

"ಇದೇನಿದು, ಪೆಟ್ಟಿಗೆ?"

"ಬೇಡವಾದದ್ದನ್ನ ಬಿಟ್ಟುಹೋಗ್ತಾರೆ," ಎಂದರು ಮಿಸ್ ಓಪಲ್. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು.

"ದೇವರೇ! ಎಂಥ ಬಾಣಲೆ! ಸ್ಟೂಲು! ದಿಂಬು!" ಲೊರೆಟ್ಟಾ ಎರಡೂ ತೋಳು ತುಂಬಿಕೊಂಡು ಬಂದಳು. "ಯಾವ ಮುಠ್ಠಾಳ ಎಸೆದನೋ! ಇನ್ನೂ ನೂರು ವರ್ಷ ಬಾಳೋ ಸಾಮಾನು."

ನನ್ನದೇ ಎಂದರೆ ಆರು ವಾರದ ಸುಳ್ಳು ಹೊರಬೀಳುತ್ತದೆ. ವೆಂಡೆಲ್ ಬಗ್ಗಿ ತನ್ನ ಬೂಟಿನ ದಾರ ಬಿಗಿಯತೊಡಗಿದ. ಇರಲಿ, ಕಾರಿನಲ್ಲಿ ಮನೆಗೆ ಒಯ್ಯುತ್ತಾಳೆ, ಸಾಮಾನು ತನ್ನ ಮನೆಗೇ ಸೇರಿತಲ್ಲ ಎಂದುಕೊಂಡ.

ಅಂಗಳದಲ್ಲಿ ಕಾರು ಹೊರಟ ಸದ್ದಾಯಿತು. ರೂಬಿ ಕೈ ಬೀಸುತ್ತ ತಿರುವಿನಲ್ಲಿ ಮರೆಯಾದಳು. ಕಾರು ನಿಂತಿದ್ದ ಜಾಗದಲ್ಲಿ ಒಂದು ಹಾಸಿಗೆ ಸುರುಳಿಯೂ ಉಬ್ಬಿದ ಬಟ್ಟೆಯ ಚೀಲವೊಂದೂ ಇದ್ದವು. ವೆಂಡೆಲ್ ಆಗ ಹೆಂಡತಿಯ ಕಾಲು ನೋಡಿದ. ಹೊಸ ಬೂಟು.

"ರೂಬಿ ಎಲ್ಲಿಗೆ ಹೋದ್ಲು?"

"ಮನೆಗೆ."

"ಮತ್ತೆ ನೀನು?"

"ಆರು ವಾರ ಒಬ್ಬಳೇ ಕೂತು ಕಾಫಿ ಕುಡಿದೆ ವೆಂಡೆಲ್. ಸಾಕಾಯ್ತು. ನಾನೂ ಬರ್ತೀನಿ." ಮಾತಾಡುತ್ತಲೇ ಅವಳು ಗಂಡನ ಚೀಲದ ಬಾಯಿ ಬಿಚ್ಚಿ ತುಂಬತೊಡಗಿದಳು. ಬಾಣಲೆ, ಸ್ಟೂಲು, ದಿಂಬು, ದುರ್ಬೀನು, ಟಾರ್ಚು. ಆಮೇಲೆ ಅವಳ ಉಣ್ಣೆಯ ಅಂಗಿ, ಚಪ್ಪಲಿ, ಎರಡು ಭರಣಿ ಹೊಸ ಮುರಬ್ಬ. "ಹಾಸಿಗೆ ನಾನೇ ಹೊರ್ತೀನಿ. ನನ್ನ ಭುಜದ ವಿಷಯ ನಿನಗೆ ಗೊತ್ತಲ್ಲ. ನಿನ್ನದರಲ್ಲಿ ಎಷ್ಟೊಂದು ಜಾಗ ಖಾಲಿ ಇದೆ!"

"ಲೊರೆಟ್ಟಾ, ಇಪ್ಪತ್ತು! ಡಾಕ್ಟರು! ಕರಾರು!"

ಲೊರೆಟ್ಟಾ ಚೀಲವನ್ನು ತಾನೇ ಎತ್ತಿ ಕೊಕ್ಕೆಗೆ ಸಿಕ್ಕಿಸಿದಳು. ಮುಳ್ಳು ಇಪ್ಪತ್ತನ್ನು ತಿರುಗಿಯೂ ನೋಡದೆ ಮೂವತ್ತಾರರಲ್ಲಿ ಹೋಗಿ ನಿಂತಿತು.

"ಇಪ್ಪತ್ತು ಅಂದಿದ್ದು ಒಬ್ಬರಿಗೆ. ಈಗ ಇಬ್ಬರಲ್ವಾ?"

"ನನ್ನ ಮೊಣಕಾಲು?"

ಅವಳು ಚೀಲದಿಂದ ಇಣುಕುತ್ತಿದ್ದ ಬಾಣಲೆಯ ಹಿಡಿಯನ್ನು ಹೆಬ್ಬೆರಳಿಂದ ಮೆಲ್ಲಗೆ ಒರೆಸಿದಳು. ಕೆಂಪಕ್ಷರ ಹೊಳೆಯಿತು.

"ಈ ಸಾಮಾನನ್ನ ಐನೂರ ನಲವತ್ತು ಮೈಲಿ ಹೊತ್ತ ಮೊಣಕಾಲು," ಎಂದಳು, "ಇನ್ನು ನಾಲ್ಕು ಪೌಂಡಿಗೆ ಅಳೋದಿಲ್ಲ ಬಿಡು. ಹೊರಡು, ಹೊತ್ತಾಯ್ತು."

ಅರೆ ಔನ್ಸ್ ಆಕಾಶ ನೋಡಿದ. ದಬ್ಬಳ ಸೂಜಿಗೆ ದಾರ ಪೋಣಿಸತೊಡಗಿದಳು. ವೆಂಡೆಲ್ ಹಲ್ಲು ಕಚ್ಚಿ, ಬಗ್ಗಿ ಚೀಲವನ್ನು ಬೆನ್ನಿಗೇರಿಸಿದ. ಸರಳಿಲ್ಲದ ಚೀಲ ಅವನ ಬೆನ್ನ ಮೇಲೆ ನಿದ್ದೆಹೋದ ಹಂದಿಯ ಹಾಗೆ ಮುದುಡಿ ಕೆಳಗೆ ಜಾರಿತು.

ಮಿಸ್ ಓಪಲ್ ಮೆಟ್ಟಿಲಿಳಿದು ಟೊಮೇಟೊ ಪಾತಿಗೆ ಹೋದರು. ಕಟ್ಟು ಬಿಚ್ಚಿ ಒಂದು ಸರಳು ಎಳೆದರು, ಆಮೇಲೆ ಇನ್ನೊಂದು. ಎರಡು ಗಿಡಗಳೂ ಮೆಲ್ಲಗೆ ಮಗ್ಗುಲಾದವು.