ಶುಂಠಿ ಬರ್ಫೂ ನನ್ನ ಗಂಟಲೂ

ಕೆಲವರ ಮನೆಗೆ ಕರೆಯದಿದ್ದರೂ ನೆಂಟರು ಬರುತ್ತಾರೆ, ಕೆಲವರ ಮನೆಗೆ ಹಾವು ಬರುತ್ತದೆ. ನಮ್ಮ ಮನೆಗೆ ನಗೆಪಾಟಲಿನ ಪ್ರಸಂಗಗಳು ಬರುತ್ತವೆ, ಅದೂ ನೇರವಾಗಿ ಫ್ರಿಜ್ಜಿನ ಮೇಲಿನ ಖಾನೆಗೆ.

ನಾನು ಶಹಾಪುರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕಲಿಸುತ್ತೇನೆ ಅನ್ನುವುದಕ್ಕಿಂತ ಕೂಗುತ್ತೇನೆ ಅನ್ನುವುದು ಸರಿ. ಪಕ್ಕದ ಕೋಣೆಯಲ್ಲಿ ಗಣಿತದ ಮಾಸ್ತರು ಕೂಗುತ್ತಾರೆ, ನಮ್ಮಿಬ್ಬರ ನಡುವೆ ಇರುವುದು ಸೂರಿಗೆ ಮುಟ್ಟದ ಅರ್ಧ ಗೋಡೆ. ಚಳಿ ಶುರುವಾಯಿತೆಂದರೆ ನನ್ನ ಗಂಟಲು ಕೈಕೊಡುತ್ತದೆ. ಕರೋನಾ ಕಾಲದಲ್ಲಿ ಊರೆಲ್ಲ ಕಷಾಯ ಕುಡಿಯಿತು, ಆಮೇಲೆ ಬಿಟ್ಟಿತು. ನಾನು ಬಿಡಲಿಲ್ಲ. ಹಸಿ ಶುಂಠಿ ಜಜ್ಜಿ, ಮೆಣಸು, ತುಳಸಿ, ಬೆಲ್ಲ ಹಾಕಿ ಕುದಿಸಿ, ಸೋಸಿ, ಆರಿಸಿ, ಬರ್ಫಿನ, ಅಂದರೆ ಐಸಿನ, ಟ್ರೇಯಲ್ಲಿ ಹೊಯ್ದು ಫ್ರೀಜರಿನಲ್ಲಿ ಇಡುತ್ತೇನೆ. ಬೆಳಗಿನ ಗಡಿಬಿಡಿಯಲ್ಲಿ ಎರಡು ತುಂಡು ಬಿಸಿನೀರಿಗೆ ಹಾಕಿದರೆ ಮುಗಿಯಿತು, ಶೀತ ಹತ್ತಿರ ಸುಳಿಯುವುದಿಲ್ಲ. ಹಸಿ ಶುಂಠಿಗೆ ನಮ್ಮ ಕಡೆ ಅಲ್ಲ ಅನ್ನುತ್ತಾರೆ, ಹಾಗಾಗಿ ಓಣಿಯಲ್ಲಿ ಇದರ ಹೆಸರು ಅಲ್ಲದ ಬರ್ಫು.

ನನ್ನ ಆಸೆ ದೊಡ್ಡದೇನಲ್ಲ. ಗಂಟಲು ಕೂತ ದಿನ, ನಾನೇ ಮಾಡಿಟ್ಟ ಕಷಾಯ ಒಂದು ಪೂರ್ತಿ ಲೋಟ, ಬಿಸಿಬಿಸಿಯಾಗಿ ನನಗೆ ಸಿಗಬೇಕು. ಮಾಡುತ್ತ ಬಂದು ವರ್ಷಗಳಾದವು. ಆ ಲೋಟ ಮಾತ್ರ ಸಿಕ್ಕಿರಲಿಲ್ಲ.

ಬಿಸಿಲಿಗೆ ಹಾಕಿದ ಬರ್ಫು

ಮೊದಲ ಅಡ್ಡಿ ಬಂದದ್ದು ಮನೆಯೊಳಗಿಂದಲೇ. ನಮ್ಮ ಅತ್ತೆಯ ತವರು ದೋರನಹಳ್ಳಿ. ಅವರ ಲೆಕ್ಕದಲ್ಲಿ ಜಗತ್ತಿನ ಎಲ್ಲ ಪದಾರ್ಥಗಳೂ ಎರಡೇ ಜಾತಿ, ಒಂದು ಕಾವು, ಇನ್ನೊಂದು ತಂಪು. ಮಾವಿನಹಣ್ಣು ಕಾವು, ಮಜ್ಜಿಗೆ ತಂಪು. ನಾನು ಮೊದಲ ಟ್ರೇ ಒಳಗಿಟ್ಟ ದಿನ ಅವರು ಫ್ರಿಜ್ಜಿನ ಬಾಗಿಲು ಹಿಡಿದು ನಿಂತರು.

"ಅಲ್ಲ ಕಾವು, ಬರ್ಫ ತಂಪು. ಎರಡೂ ಕೂಡಿದ್ರ ಏನಾತು? ಬರೇ ನೀರಾತು."

"ಬಿಸಿನೀರಾಗ ಹಾಕಿದ್ರ ಮತ್ತ ಕಾವು ಬರ್ತದರಿ ಅತ್ತಿ."

"ಅದು ನೀರಿನ ಕಾವು. ಅಲ್ಲದ ಕಾವು ಹೋದದ್ದು ಹೋತು."

ವ್ಯಾಕರಣ ಕಲಿಸುವ ನಾನು ಟ್ರೇಯನ್ನು ಇನ್ನಷ್ಟು ಒಳಗೆ ತಳ್ಳಿದೆ. ಆ ಬೇಸಿಗೆಯಲ್ಲಿ ಒಂದು ದಿನ ಉತ್ತರಪತ್ರಿಕೆ ತಿದ್ದಿ, ತಲೆ ಭಾರವಾಗಿ, ಒಂದು ಲೋಟ ಕಷಾಯ ಕುಡಿದು ಮಲಗಬೇಕೆಂದು ಮನೆಗೆ ಬಂದೆ. ಫ್ರೀಜರಿನಲ್ಲಿ ಟ್ರೇ ಇಲ್ಲ. ಹುಡುಕುತ್ತ ಮಾಳಿಗೆಗೆ ಹೋದರೆ, ಯಾದಗಿರಿ ಜಿಲ್ಲೆಯ ಮೇ ತಿಂಗಳ ಬಿಸಿಲಿನಲ್ಲಿ, ಸಂಡಿಗೆಯ ಪಕ್ಕ ನನ್ನ ಟ್ರೇ ಕೂತಿದೆ. ಅತ್ತೆ ನೆರಳಲ್ಲಿ ಕೂತು ಕಾಗೆ ಕಾಯುತ್ತಿದ್ದಾರೆ.

"ಇದನ್ನ ಯಾಕ ಇಲ್ಲಿಟ್ಟೀರಿ?"

"ಹೋದ ಕಾವು ತಿರುಗಿ ಬರ್ಲಿ ಅಂತ. ಬೇಕಾದ್ರ ಸಂಜೀಕ ಮತ್ತ ಒಳಗ ಇಡು, ನಾ ಬ್ಯಾಡ ಅನ್ನಂಗಿಲ್ಲ."

ಟ್ರೇಯ ಖಾನೆಖಾನೆಯಲ್ಲೂ ಬೆಲ್ಲದ ವಾಸನೆಗೆ ಬಂದ ಇರುವೆ ತುಂಬಿತ್ತು. ಆ ವರ್ಷ ನಮ್ಮ ಮನೆಯಲ್ಲಿ ಎಲ್ಲರಿಗೂ ನೆಗಡಿ ಆಯಿತು, ಇರುವೆಗಳನ್ನು ಬಿಟ್ಟು.

ಬೆವರುವ ಚೀಲ

ನಮ್ಮ ಮನೆಯವರು ಸುರಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರದು ಒಳ್ಳೆಯ ಮನಸ್ಸು, ಹಿಂದುಮುಂದಿನ ವಿಚಾರ ಮಾತ್ರ ಕಡಿಮೆ. ಒಂದು ಮುಂಜಾನೆ ನಾನು ಜಳಕಕ್ಕೆ ಹೋದಾಗ, ಕಚೇರಿಯಲ್ಲಿ ಕುಡಿದರಾಯಿತೆಂದು ಟ್ರೇಯ ಅಷ್ಟೂ ತುಂಡುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡು, ಗಂಟು ಹಾಕಿ, ರೊಟ್ಟಿ ಬುತ್ತಿಯ ಪಕ್ಕ ಇಟ್ಟುಕೊಂಡು ಹೊರಟುಬಿಟ್ಟರು. ಬರ್ಫು ಕರಗುತ್ತದೆ ಅನ್ನುವುದು ಬಸ್ಸು ಊರು ದಾಟಿದ ಮೇಲೆ ಅವರಿಗೆ ಗೊತ್ತಾಯಿತು. ಅದೂ ಕಂಡಕ್ಟರ್ ಹೇಳಿದ್ದಕ್ಕೆ.

"ಸರ, ನಿಮ್ಮ ಚೀಲಕ್ಕ ಬೆವರು ಬರಾಕತ್ತದ ನೋಡ್ರಿ."

ಅಷ್ಟರಲ್ಲಿ ರೊಟ್ಟಿ ನೆನೆದಿತ್ತು, ಪ್ಯಾಂಟು ನೆನೆದಿತ್ತು, ಶುಂಠಿ ಬೆಲ್ಲದ ವಾಸನೆ ಹಿಂದಿನ ಸೀಟಿನಿಂದ ಡ್ರೈವರನ ತನಕ ಹೋಗಿತ್ತು. ಮುದುಕರೊಬ್ಬರು ಎದ್ದು ನಿಂತು, "ಯಾರೋ ಅಲ್ಲದ ಚಾ ಕುಡ್ಯಾಕತ್ತಾರ, ನಮಗೂ ಕೊಡ್ರಿ," ಎಂದು ಸುತ್ತ ನೋಡಿದರಂತೆ. ಸ್ವಲ್ಪ ದೂರ ಹೋಗುವುದರಲ್ಲಿ ಡ್ರೈವರ್, ಎಂದೂ ನಿಲ್ಲಿಸದ ಕಡೆ, ಒಂದು ಚಹಾದಂಗಡಿಯ ಮುಂದೆ ಬಸ್ಸು ನಿಲ್ಲಿಸಿ ಇಳಿದುಬಿಟ್ಟ. ಕೇಳಿದವರಿಗೆ, "ನಂದೇನ್ ತಪ್ಪಿಲ್ರಿ. ಆ ಸರ್ ಚೀಲ ಮುಚ್ಚಿ ಕುಂತಿದ್ರ ನಾ ಸೀದಾ ಹೋಗ್ತಿದ್ದೆ," ಎಂದ.

ಮನೆಯವರು ಕಚೇರಿಗೆ ತಡವಾಗಿ ಮುಟ್ಟಿದರು. ಸಾಹೇಬರು ಕಾರಣ ಕೇಳಿದರು. ಸುಳ್ಳು ಹೇಳಲು ಬಾರದ ಮನುಷ್ಯ, ಇದ್ದದ್ದನ್ನು ಇದ್ದಹಾಗೇ ಹೇಳಿದರು. ಸಾಹೇಬರು ಅವರ ಒದ್ದೆ ಪ್ಯಾಂಟು ನೋಡಿ, "ಹಂಗಾರ ನಾಳೆಯಿಂದ ಥರ್ಮಾಸಿನ್ಯಾಗ ತರ್ರಿ. ನನಗೂ ಗಂಟಲು ನೋಯಾಕತ್ತದ," ಎಂದರು. ಅಂದಿನಿಂದ ನಾನು ಮಾಡಿದ್ದರಲ್ಲಿ ಅರ್ಧ ಸುರಪುರಕ್ಕೆ ಹೋಗತೊಡಗಿತು. ಸಾಹೇಬರ ಗಂಟಲು ಈಗ ಬಹಳ ಚೆನ್ನಾಗಿದೆಯಂತೆ, ಮೊದಲಿಗಿಂತ ಜೋರಾಗಿ ಬೈಯುತ್ತಾರಂತೆ.

ಹುಡುಗನ ಕಣ್ಣೀರು

ಉಳಿದ ಅರ್ಧಕ್ಕೆ ಎದುರುಮನೆಯಾಕೆ ಇದ್ದಾರೆ. ಕೊಡುವುದರಲ್ಲೂ ಕೇಳುವುದರಲ್ಲೂ ಅವರಿಗೆ ಸಂಕೋಚವೆಂಬುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರ ಮಗಳನ್ನು ನೋಡಲು ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗ ಬಂದಿದ್ದ. ನಾನು ಮಲಗಿದ್ದೆ. ಆಕೆ ಅಡುಗೆಮನೆಯ ಬಾಗಿಲಿನಿಂದ ಬಂದು, "ಅಕ್ಕಾರ, ಶರಬತ್ತಿಗೆ ಜರ್ರಾ ಬರ್ಫ ಒಯ್ತೀನ್ರಿ," ಎಂದು ನನ್ನ ನಿದ್ದೆಗೆ ಹೇಳಿ ಟ್ರೇ ಎತ್ತಿಕೊಂಡು ಹೋದರು.

ನಿಂಬೆ ಶರಬತ್ತು, ಒಳಗೆ ಶುಂಠಿ ಮೆಣಸಿನ ಬರ್ಫು. ಬಿಸಿಲಲ್ಲಿ ಬಂದ ಹುಡುಗ, ಬಾಯಾರಿದ್ದರೂ ಬರ್ಫು ಅರ್ಧ ಕರಗಲು ಬಿಟ್ಟು, ಆಮೇಲೆ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿದ. ಕೊನೆಯ ತುಂಡನ್ನು ಕಡಿದ. ಅದೇ ಹೊತ್ತಿಗೆ ಹುಡುಗಿ ಒಳಗಿನಿಂದ ಬಂದು ಎದುರಿಗೆ ಕೂತಳು. ಹುಡುಗನ ಕಣ್ಣಲ್ಲಿ ಬಳಬಳ ನೀರು. ಮಾತಾಡಲು ಬಾಯಿ ತೆರೆದರೆ ಬಿಕ್ಕಳಿಕೆ.

ಹುಡುಗನ ತಾಯಿ ಮಗನ ಮುಖ ನೋಡಿ ಸೆರಗಿನಿಂದ ತಮ್ಮ ಕಣ್ಣೂ ಒರೆಸಿಕೊಂಡರು. "ಎಷ್ಟು ಹುಡುಗ್ಯಾರನ್ನ ತೋರಿಸಿದ್ರೂ ಇಂವ ಕಲ್ಲಿನಂಗ ಕುಂದರ್ತಿದ್ದ. ಇವತ್ತ ನೋಡ್ರಿ, ಕಣ್ಣೀರ ಹಾಕ್ಯಾನ. ನಮಗ ಈ ಹುಡುಗೀನ ಆಗ್ಬೇಕು."

ಮದುವೆ ಆಯಿತು. ಇಬ್ಬರೂ ಚೆನ್ನಾಗಿದ್ದಾರೆ. ಓಣಿಯಲ್ಲಿ ಹೆಣ್ಣು ನೋಡುವ ಕಾರ್ಯ ಯಾರ ಮನೆಯಲ್ಲಿದ್ದರೂ ಮೊದಲು ಬಂದು ತಟ್ಟತೊಡಗಿದ್ದು ನಮ್ಮ ಬಾಗಿಲು.

ಖಾಲಿ ಕಳಿಸಬಾರದು

ಬೀಗತನ ಕೂಡಿಸಿದ ಆ ಟ್ರೇ ಎದುರುಮನೆಯಿಂದ ವಾಪಸು ಬರಬೇಕಲ್ಲ. ನಮ್ಮಲ್ಲಿ ಬೇರೆಯವರ ಪಾತ್ರೆ ಖಾಲಿ ಕಳಿಸುವ ರೂಢಿ ಇಲ್ಲ. ಸಕ್ಕರೆ ತಂದ ಬಟ್ಟಲಿನಲ್ಲಿ ಶೇಂಗಾ ಹಾಕಿ ಕೊಡುತ್ತಾರೆ, ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿ. ಆದರೆ ಬರ್ಫಿನ ಟ್ರೇಯಲ್ಲಿ ಏನು ಹಾಕುವುದು? ಆಕೆ ಬಹಳ ವಿಚಾರ ಮಾಡಿದ್ದಾರೆ. ಆ ದಿನ ಅವರ ಮನೆಯಲ್ಲಿ ಪುಂಡಿಪಲ್ಯ ಆಗಿತ್ತು. ಹುಳಿ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕುದಿಸಿ ಮಸೆದದ್ದು. ಅದನ್ನೇ ತೆಳ್ಳಗೆ ಮಾಡಿ ಟ್ರೇಗೆ ತುಂಬಿ, ತಮ್ಮ ಫ್ರಿಜ್ಜಿನಲ್ಲಿ ಬರ್ಫು ಮಾಡಿ ತಂದುಕೊಟ್ಟರು.

"ಅಕ್ಕಾರ, ನಿಮಗ ಸಾಲಿ ಗದ್ದಲದಾಗ ಅಡಗಿ ಮಾಡಾಕ ಟೈಮ್ ಇರಂಗಿಲ್ಲ. ಎರಡು ತುಂಡು ಕುದಿಸ್ರಿ, ರೊಟ್ಟಿ ಹಚ್ಕೊಂಡು ಉಣ್ರಿ."

ಬೇಡ ಅನ್ನಲು ಆಗುತ್ತದೆಯೇ. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಮುಂದಿನ ವಾರ ಅವರು ತಮ್ಮದೇ ಒಂದು ಟ್ರೇ ಕೊಂಡರು, ನಮ್ಮದರಂಥದೇ ನೀಲಿ ಬಣ್ಣದ್ದು, ಅದೇ ಸಂತೆಯ ಅದೇ ಬಂಡಿಯಲ್ಲಿ. ಅದರ ತುಂಬ ಪುಂಡಿ ತಂದರು. ಈಗ ಖಾಲಿ ಕಳಿಸಬಾರದ ಸರದಿ ನನ್ನದು. ನಾನು ಶುಂಠಿ ತುಂಬಿ ಕಳಿಸಿದೆ. ಅವರು ಪುಂಡಿ ತುಂಬಿ ಕಳಿಸಿದರು. ನಾನು ಶುಂಠಿ, ಅವರು ಪುಂಡಿ. ಇದಕ್ಕೆ ಕೊನೆ ಹೇಗೆ ಹಾಡುವುದೆಂದು ನಮ್ಮಿಬ್ಬರಿಗೂ ತಿಳಿಯಲಿಲ್ಲ. ಖಾಲಿ ಕಳಿಸಿದವರು ಕೆಟ್ಟವರಾಗುತ್ತಾರೆ. ಕಡೆಗೆ ನಮ್ಮ ಫ್ರೀಜರಿನಲ್ಲಿ ನಮ್ಮದೇ ವಸ್ತುಗಳಿಗೆ ಜಾಗ ಇರಲಿಲ್ಲ.

ಗ್ಯಾದರಿಂಗು

ಈ ಸಲದ ಚಳಿಗಾಲದಲ್ಲಿ ನಮ್ಮ ಶಾಲೆಯ ಗ್ಯಾದರಿಂಗು ಬಂತು. ಗ್ಯಾದರಿಂಗು ಅಂದರೆ ವರ್ಷಕ್ಕೊಮ್ಮೆ ಆಗುವ ಹಾಡು, ಕುಣಿತ, ಬಹುಮಾನದ ದಿನ. ಅಂದು ಮೈಕು ಹಿಡಿದು ಕಾರ್ಯಕ್ರಮ ನಡೆಸುವುದು ಕನ್ನಡದವಳಾದ ನಾನು. ವರ್ಷವೆಲ್ಲ ಕೂಗಿ ಕೂಗಿ ಸೋತವಳಿಗೆ, ಕೂಗದೇ ಮಾತಾಡಲು ಸಿಗುವುದು ಅದೊಂದೇ ದಿನ. ಅದರ ಮೇಲೆ ನನಗೆ ತುಂಬ ಆಸೆ. ಹಿಂದಿನ ದಿನ ಮಧ್ಯಾಹ್ನ ಗಂಟಲು ಪೂರ್ತಿ ಕೂತಿತು. ಸ್ವರವೇ ಇಲ್ಲ, ಬರೀ ಗಾಳಿ. ಗಣಿತದ ಮಾಸ್ತರು ಬಂದು, "ಅಕ್ಕಾರ, ನೀವು ಆರಾಮ ತಗೋರಿ. ಮೈಕ ನಾ ನೋಡ್ಕೋತೀನಿ," ಎಂದರು. ಅವರ ಮುಖದಲ್ಲಿದ್ದ ಕಾಳಜಿ ನನಗೆ ಸರಿಬೀಳಲಿಲ್ಲ. ಅವರು ಆಗಲೇ ಹೊಸ ಅಂಗಿ ಇಸ್ತ್ರಿ ಮಾಡಿಸಿದ್ದಾರೆಂದು ಹುಡುಗಿಯರು ಹೇಳಿದರು.

ಮನೆಗೆ ಬಂದು ಬಿದ್ದುಕೊಂಡೆ. ಒಂದು ಧೈರ್ಯವಿತ್ತು. ಎಲ್ಲರ ಕಣ್ಣು ತಪ್ಪಿಸಿ, ಎದುರುಮನೆಯ ಪುಂಡಿ ಟ್ರೇಯ ಕೆಳಗೆ, ಒಂದು ಟ್ರೇ ಶುಂಠಿ ಬಚ್ಚಿಟ್ಟಿದ್ದೆ. ಇಂಥ ದಿನಕ್ಕೆಂದೇ ಇಟ್ಟದ್ದು. ಏಳಲು ಹೋದರೆ ಅತ್ತೆ ಭುಜ ಒತ್ತಿ ಮಲಗಿಸಿದರು.

"ಮಕ್ಕೋ. ನಿನ್ನ ಬರ್ಫಿನ ಕಷಾಯ ನಾನ ಮಾಡಿ ತರ್ತೀನಿ."

ಇಷ್ಟು ವರ್ಷ ಅದನ್ನು ಬರೇ ನೀರು ಎಂದವರು ಈ ಮಾತು ಹೇಳಿದ್ದಕ್ಕೆ ನನಗೆ ಅಳುವೇ ಬಂತು. ಮಲಗಿದಲ್ಲಿಂದ ಅಡುಗೆಮನೆ ಕಾಣುತ್ತದೆ. ಅತ್ತೆ ಫ್ರೀಜರ್ ತೆಗೆದರು. ಮೇಲಿನ ಟ್ರೇ ತೆಗೆದುಕೊಂಡರು. ಮೇಲಿನದು ಪುಂಡಿ. ನಾನು ಕೂಗಿದೆ, ಗಾಳಿ ಬಂತು. ಕೈ ಬೀಸಿದೆ.

"ತಡಿ ಯವ್ವಾ, ಅವಸರ ಮಾಡಬ್ಯಾಡ. ಕುದೀಲಿ," ಎಂದರು ಅತ್ತೆ. ಕೈಗೆ ಬಂದಷ್ಟು ತುಂಡು ಹಾಕಿದರು. ಮೇಲೆ ಬೆಲ್ಲ ಹಾಕಿದರು. ಒಂದು ಪೂರ್ತಿ ಲೋಟ, ಬಿಸಿಬಿಸಿ, ನನ್ನ ಕೈಗೆ ಕೊಟ್ಟು ಎದುರಿಗೇ ಕೂತರು. "ಅಲ್ಲದ ವಾಸನಿ ಅಷ್ಟು ಬರವಲ್ದು. ನಾ ಹೇಳಿದ್ದಿಲ್ಲ, ಬರ್ಫಿನ್ಯಾಗ ಕಾವು ಹೋಗ್ತದಂತ. ಇರ್ಲಿ, ನೀ ಕುಡಿ."

ಆ ಮುಖ ನೋಡಿ ಲೋಟ ಕೆಳಗಿಡಲು ಮನಸ್ಸಾಗಲಿಲ್ಲ. ಕುಡಿದೆ. ಹುಳಿ, ಖಾರ, ಬೆಳ್ಳುಳ್ಳಿ, ಅದರ ಮೇಲೆ ಬೆಲ್ಲ. ಕಿವಿಯಿಂದ ಹೊಗೆ ಬಂದ ಹಾಗಾಯಿತು. ಮೂಗು ಸುರಿಯಿತು, ಮೈ ಬೆವರಿತು, ಕಡೇಚೂರಿನ ಹುಡುಗನ ನೆನಪಾಯಿತು. ಲೋಟ ಖಾಲಿ ಮಾಡಿ ಮಲಗಿದವಳಿಗೆ ಮುಂಜಾನೆಯೇ ಎಚ್ಚರ. "ಅತ್ತಿ" ಎಂದೆ. ಸ್ವರ ಬಂದಿತ್ತು. ಸ್ವಲ್ಪ ದಪ್ಪ, ಆದರೆ ನನ್ನದೇ.

ಗ್ಯಾದರಿಂಗು ನಾನೇ ನಡೆಸಿದೆ. ಇಸ್ತ್ರಿ ಅಂಗಿಯ ಮಾಸ್ತರು ಮೂರನೆಯ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತು ಎಡಕ್ಕೂ ಬಲಕ್ಕೂ, "ನಾ ಕೊಟ್ಟ ಬರ್ಫು. ನನ್ನ ಕೈಗುಣ," ಎಂದು ಹೇಳುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ಎದುರುಮನೆಯಾಕೆಯೂ ಆಗ ಹೌದೆಂದು ತಲೆಯಾಡಿಸಿದರು. ಮರುದಿನ ತಮ್ಮ ಟ್ರೇ ಒಯ್ಯಲು ಬಂದು ನೋಡಿದರೆ ಅರ್ಧ ಖಾಲಿ.

"ಅಯ್ಯ, ಇದು ನಮ್ಮ ಪುಂಡೀರಿ. ಅಕ್ಕಾರ ಗಂಟಲು ಬಂದದ್ದು ನಮ್ಮ ಪುಂಡಿಗೆ."

ಅತ್ತೆಗೆ ಏನೂ ಅನ್ನಿಸಲಿಲ್ಲ. "ಕೈ ನಂದ," ಎಂದರು.

ಅಷ್ಟೇ, ಓಣಿ ಹೊರಳಿತು. ಗಂಟಲಿಗೆ ಹುಳಿ ತಾಗಬಾರದು ಎನ್ನುತ್ತಿದ್ದವರೆಲ್ಲ ಈಗ ಪುಂಡಿ ಬರ್ಫು ಮಾಡುತ್ತಾರೆ. ಸುರಪುರದ ಸಾಹೇಬರೂ ಥರ್ಮಾಸಿನಲ್ಲಿ ಪುಂಡಿಯನ್ನೇ ತರಿಸುತ್ತಾರೆ. ಮೊನ್ನೆ ಗಣಿತದ ಮಾಸ್ತರು ಡಬ್ಬಿ ಹಿಡಿದು ನಮ್ಮ ಮನೆಗೇ ಬಂದಿದ್ದರು, ಎದುರುಮನೆಗೆ ಹೋಗಿ ಎಂದೆ. ನನ್ನ ಶುಂಠಿಯನ್ನು ಕೇಳುವವರೇ ಇಲ್ಲ. ಫ್ರೀಜರಿನಲ್ಲಿ ಅದು ಟ್ರೇಗಟ್ಟಲೆ ಹಾಗೇ ಬಿದ್ದಿದೆ.

ಹೋದ ಭಾನುವಾರ ಯಾರ ಗದ್ದಲವೂ ಇಲ್ಲದೆ ನೀರು ಕಾಯಿಸಿ, ಎರಡು ತುಂಡು ಹಾಕಿ, ಒಂದು ಪೂರ್ತಿ ಲೋಟ ಮಾಡಿಕೊಂಡು ಕಟ್ಟೆಯ ಮೇಲೆ ಕೂತೆ. ಇಷ್ಟು ವರ್ಷ ಬಯಸಿದ ಲೋಟ. ನಿಧಾನಕ್ಕೆ ಒಂದು ಗುಟುಕು ಕುಡಿದೆ. ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಹ್ಯಾಂಗದ?"

ಇನ್ನೊಂದು ಗುಟುಕು ಕುಡಿದು ನೋಡಿದೆ.

"ಚಲೋ ಅದರಿ ಅತ್ತಿ," ಎಂದೆ, "ಜರ್ರಾ ಹುಳಿ ಬೇಕಿತ್ತು."